ಅಲೆಗಳ ಅಧ್ಯಾಪಿಕೆ

ಕುಂದಾಪುರದ ಎದುರಿಗೆ, ಹೊಳೆಯ ಆಚೆ ದಡದ ಗಂಗೊಳ್ಳಿಯ ಬಂದರಿನಲ್ಲಿ ನಿಂತವರಿಗೆ ವಿದ್ಯುತ್ತಿನ ಎರಡು ಅವತಾರಗಳೂ ಒಂದೇ ನೀರಿನ ಮೇಲೆ ಕಾಣಸಿಗುತ್ತವೆ. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ನದಿಗಳು ಕೂಡಿ ಕಡಲನ್ನು ಸೇರುವ ಸ್ಥಳವದು. ಅವುಗಳಲ್ಲಿ ವಾರಾಹಿಯ ನೀರು ಘಟ್ಟವನ್ನಿಳಿಯುವಾಗಲೇ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸಿ, 460 ಮೆಗಾವಾಟ್‌ವರೆಗಿನ ಶಕ್ತಿಯನ್ನು ಕೊಟ್ಟು ಬಂದಿರುತ್ತದೆ. ಇತ್ತ ಮೀನಿನ ಬೋಟುಗಳ ನೆತ್ತಿಯ ಮೇಲೆ ಪುಟ್ಟ ಪುಟ್ಟ ಆಂಟೆನಾಗಳು. ಆಕಾಶದ ಉಪಗ್ರಹದಿಂದ ಬರುವ ಅತಿ ಕ್ಷೀಣವಾದ ಸಂಕೇತವನ್ನು ಹಿಡಿದು, ದಡ ಎತ್ತ ಇದೆಯೆಂಬುದನ್ನು ಅವು ತಿಳಿಸುತ್ತವೆ. ಯಕ್ಷಗಾನದ ಈ ನಾಡಿನ ಮಾತಿನಲ್ಲಿ ಹೇಳುವುದಾದರೆ, ಮೊದಲನೆಯದು ರಂಗಸ್ಥಳವನ್ನೇ ನಡುಗಿಸುವ ಬಣ್ಣದ ವೇಷ. ಎರಡನೆಯದು ಹಿಮ್ಮೇಳದ ಶ್ರುತಿ. ಆ ಶ್ರುತಿಯನ್ನು ಕೇಳುವುದಕ್ಕೂ ಕೇಳಿಸುವುದಕ್ಕೂ ಬೇರೆಯೇ ಒಂದು ವಿದ್ಯೆ ಬೇಕು.

‘ಆಂಟೆನಾ’ ಎಂಬ ಮಾತಿನ ಹುಟ್ಟು ಸ್ವಾರಸ್ಯವಾಗಿದೆ. ಲ್ಯಾಟಿನ್ ಭಾಷೆಯಲ್ಲಿ ಅದು ಹಡಗಿನ ಹಾಯಿಯನ್ನು ಕಟ್ಟುವ ಅಡ್ಡಮರದ ಹೆಸರು. ಅಲ್ಲಿಂದ ಅದು ಹುಳುಗಳ ಮೀಸೆಗೆ ಹೋಯಿತು. ರೇಡಿಯೋ ಬಂದ ಮೇಲೆ ಲೋಹದ ಕಡ್ಡಿಗೂ ತಂತಿಗೂ ಬಂತು. ಹಾಯಿ ಮಾಯವಾದ ದೋಣಿಗಳ ಮೇಲೆ ಅದೇ ಹೆಸರಿನ ಇನ್ನೊಂದು ವಸ್ತು ಹೋಗಿ ಕುಳಿತದ್ದು ಭಾಷೆಯ ತಮಾಷೆಯಲ್ಲದೆ ಮತ್ತೇನು?

ಈ ವಿದ್ಯೆಯನ್ನು ಕಲಿಯಲು ಬೈಂದೂರು, ಕುಂದಾಪುರ, ಬ್ರಹ್ಮಾವರಗಳಿಂದ ಹೊರಡುವ ಹುಡುಗಿಯನ್ನು ಕಂಡು ಇಂದು ಯಾರೂ ಹುಬ್ಬೇರಿಸುವುದಿಲ್ಲ. ಮಣಿಪಾಲದಲ್ಲಿ 1957ರಲ್ಲಿ, ಸುರತ್ಕಲ್ಲಿನಲ್ಲಿ 1960ರಲ್ಲಿ ತಾಂತ್ರಿಕ ಕಾಲೇಜುಗಳು ಹುಟ್ಟಿದುವು. ಈಗ ಕುಂದಾಪುರದ ರೈಲು ನಿಲ್ದಾಣವಿರುವ ಮೂಡ್ಲಕಟ್ಟೆಯಲ್ಲೂ ಒಂದಿದೆ. ಆದರೆ ಈ ಯಾವ ಕಾಲೇಜೂ ಇರದಿದ್ದ ಕಾಲದಲ್ಲಿ ಈ ವಿದ್ಯೆಯ ಬಾಗಿಲನ್ನು ತಟ್ಟಿ, ಒಳಹೊಕ್ಕು, ಕೊನೆಗೆ ಆ ಮನೆಯ ಯಜಮಾನಿಕೆಯನ್ನೇ ವಹಿಸಿಕೊಂಡ ಕನ್ನಡ ಹೆಣ್ಣುಮಗಳೊಬ್ಬಳಿದ್ದಳೆಂಬುದನ್ನು ಆ ಹುಡುಗಿಗೆ ಯಾರಾದರೂ ಹೇಳಿರುವುದು ಅಪರೂಪ.

ರಾಜೇಶ್ವರಿ ಚಟರ್ಜಿಯವರು ಹುಟ್ಟಿದ್ದು 1922ರ ಜನವರಿ 24ರಂದು. ತಂದೆ ನಂಜನಗೂಡಿನಲ್ಲಿ ವಕೀಲರು. ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲೊಬ್ಬರು. ವಿಧವೆಯರ, ಪರಿತ್ಯಕ್ತೆಯರ ವಿದ್ಯಾಭ್ಯಾಸಕ್ಕೆ ದುಡಿದವರು. ಮೊಮ್ಮಗಳು ಮೊದಲ ಅಕ್ಷರ ಕಲಿತದ್ದು ಅಜ್ಜಿ ಸ್ಥಾಪಿಸಿದ ಶಾಲೆಯಲ್ಲೇ. ಮುಂದೆ ಕಾಲೇಜಿಗೆ ಸೇರುವಾಗ ಇತಿಹಾಸದ ಕಡೆ ಮನಸ್ಸು ಎಳೆಯಿತಾದರೂ ಕೈಹಿಡಿದದ್ದು ಗಣಿತವನ್ನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಆನರ್ಸ್, ಎಂ.ಎಸ್‌ಸಿ. ಎರಡರಲ್ಲೂ ಪ್ರಥಮ ಸ್ಥಾನ.

1943ರ ಸುಮಾರಿಗೆ ಅವರು ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಗಿ ಸಿ. ವಿ. ರಾಮನ್‌ರ ಬಳಿ ಸಂಶೋಧನೆ ಮಾಡಬೇಕೆಂದು ಬಯಸಿದರು. ಭೌತಶಾಸ್ತ್ರದ ಪದವಿ ಇಲ್ಲವೆಂಬ ಕಾರಣಕ್ಕೆ ಅದು ಕೈಗೂಡಲಿಲ್ಲ. ಹತ್ತು ವರ್ಷ ಹಿಂದೆ ಅದೇ ಸಂಸ್ಥೆಯಲ್ಲಿ ಕಮಲಾ ಭಾಗವತರು ಹೆಣ್ಣೆಂಬ ಕಾರಣಕ್ಕೆ ಪ್ರವೇಶಕ್ಕಾಗಿ ಹೋರಾಡಬೇಕಾಗಿ ಬಂದುದನ್ನು ನೆನೆದರೆ, ಪದವಿಯ ಕೊರತೆಯೊಂದೇ ಅಡ್ಡಿಯಾಯಿತೆ ಎಂಬ ಸಂಶಯ ವಾಚಕರಿಗೆ ಬಂದರೆ ತಪ್ಪಲ್ಲ. ರಾಜೇಶ್ವರಿಯವರಂತೂ ಅಳುತ್ತ ಕೂರದೆ ಪಕ್ಕದ ಬಾಗಿಲಿಗೆ ಹೋದರು. ವಿದ್ಯುತ್ ತಂತ್ರಶಾಸ್ತ್ರ ವಿಭಾಗ, 1911ರಲ್ಲಿ ಸಂಸ್ಥೆ ಪಾಠ ಆರಂಭಿಸಿದಾಗಲೇ ಇದ್ದ ವಿಭಾಗ, ಗಣಿತದ ಈ ಹುಡುಗಿಯನ್ನು ಸೇರಿಸಿಕೊಂಡಿತು. ಗಂಗೊಳ್ಳಿಯಲ್ಲಿ ಕಂಡ ಕವಲು ಅಲ್ಲಿಯೂ ಒಡೆಯುತ್ತಿತ್ತು: 1946ರಲ್ಲಿ ವಿದ್ಯುತ್ ಸಂಪರ್ಕ ತಂತ್ರಶಾಸ್ತ್ರವೆಂಬ ಬೇರೆ ವಿಭಾಗವೇ ಹುಟ್ಟಿತು.

ಸರಕಾರದ ವಿದ್ಯಾರ್ಥಿವೇತನ ದೊರೆತು 1947ರಲ್ಲಿ ಅವರು ಅಮೆರಿಕಕ್ಕೆ ಹೊರಟರು. ಮಿಷಿಗನ್ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಪದವಿ, ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳ ತರಬೇತಿ, ಮತ್ತೆ ಏಷ್ಯದ ಹೆಣ್ಣುಮಕ್ಕಳಿಗಾಗಿಯೇ ಇರುವ ಬಾರ್ಬರ್ ವಿದ್ಯಾರ್ಥಿವೇತನದ ನೆರವಿನಿಂದ ಡಾಕ್ಟೊರೇಟ್. 1953ರಲ್ಲಿ ಹಿಂದಿರುಗಿ, ತಾವು ವಿದ್ಯಾರ್ಥಿನಿಯಾಗಿದ್ದ ಸಂಸ್ಥೆಯಲ್ಲೇ ಅಧ್ಯಾಪಕಿಯಾದರು. ಅದೇ ವರ್ಷ ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ವಿವಾಹ. ದಂಪತಿಗಳು ಕೂಡಿ ಕಟ್ಟಿದ್ದು ಮೈಕ್ರೋವೇವ್ ಪ್ರಯೋಗಶಾಲೆ. ನಮ್ಮ ದೇಶದಲ್ಲಿ ಆ ಸಂಶೋಧನೆ ಮೊದಲು ಬೇರೂರಿದ ಸ್ಥಳಗಳಲ್ಲೊಂದು.

ಅಲ್ಲಿ ಕಲಿಸುವುದಾದರೂ ಏನು? ಮೈಕ್ರೋವೇವ್ ಎಂದರೆ ಸುಮಾರು ಒಂದು ಮೀಟರಿನಿಂದ ಒಂದು ಮಿಲಿಮೀಟರ್‌ವರೆಗಿನ ಉದ್ದದ ಅಲೆಗಳು. ಇವುಗಳ ಸ್ವಭಾವ ಬಲು ಹಟಮಾರಿ. ಸಾಮಾನ್ಯ ತಂತಿಯಲ್ಲಿ ಹರಿಸಿದರೆ ದಾರಿಯಲ್ಲೇ ಸೋರಿಹೋಗುತ್ತವೆ. ಆದುದರಿಂದ ಟೊಳ್ಳಾದ ಲೋಹದ ಕೊಳವೆಯೊಳಗೆ ನಡೆಸಬೇಕು. ಕೊಳವೆಯ ಬೆನ್ನಿನ ಮೇಲೆ ಉದ್ದಕ್ಕೆ ಒಂದು ಸೀಳು; ಆ ಸೀಳಿನಲ್ಲಿ ಸೂಜಿಯಂಥ ಶೋಧಕವನ್ನು ವಿದ್ಯಾರ್ಥಿ ಉಸಿರು ಬಿಗಿಹಿಡಿದು ಸರಿಸುತ್ತಾನೆ. ಮೀಟರಿನ ಮುಳ್ಳು ಏರುತ್ತದೆ, ಇಳಿಯುತ್ತದೆ, ಸುಮಾರು ಎರಡು ಸೆಂಟಿಮೀಟರ್ ಸರಿದೊಡನೆ ಮತ್ತೆ ತಳ ಮುಟ್ಟುತ್ತದೆ. ಒಂದು ತಗ್ಗಿನಿಂದ ಇನ್ನೊಂದು ತಗ್ಗಿಗೆ ಇರುವ ದೂರವೇ ಕೊಳವೆಯೊಳಗಿನ ಅಲೆಯ ಅರ್ಧ ಉದ್ದ. ಬೈಂದೂರಿನ ಕಡೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮರವಂತೆಯ ಕಲ್ಲಿನ ತಡೆಗೆ ಬಡಿದ ತೆರೆ ಹಿಂದಿರುಗಿ, ಎದುರು ಬರುವ ತೆರೆಯೊಡನೆ ಕೂಡುವಾಗ ನೀರು ಒಂದೆಡೆ ಕುಣಿದು ಇನ್ನೊಂದೆಡೆ ತಟಸ್ಥವಾಗುವುದನ್ನು ಕಂಡವರೇ ಅವರು. ಕಣ್ಣಿಗೆ ಕಾಣದ ಅಲೆಗೂ ಅದೇ ನಿಯಮ. ಕಾಣದುದನ್ನು ಬೆರಳ ತುದಿಯಿಂದ ಅಳೆದೆನೆಂಬ ಆ ಮೊದಲ ಕ್ಷಣವನ್ನು ಪಾಠದ ಪುಸ್ತಕ ಕೊಡಲಾರದು. ಪಕ್ಕದಲ್ಲಿ ನಿಂತು ‘ಇನ್ನೂ ಮೆಲ್ಲಗೆ’ ಎನ್ನುವ ಅಧ್ಯಾಪಕರೇ ಬೇಕು.

ರಾಜೇಶ್ವರಿಯವರ ಸಂಶೋಧನೆಯಲ್ಲಿ ಆಂಟೆನಾಗಳಿಗೆ ದೊಡ್ಡ ಸ್ಥಾನ. ವಿದ್ಯುತ್ತನ್ನು ಹರಿಯಗೊಡದ ವಸ್ತುವಿನ ಸರಳು ಕೂಡ ತಕ್ಕ ಆಕಾರವಿದ್ದರೆ ಅಲೆಗಳನ್ನು ಒಂದು ದಿಕ್ಕಿಗೆ ನಡೆಸಿ ಚೆಲ್ಲಬಲ್ಲದು. ಅಂಥವುಗಳ ಬಗೆಗೇ ಅವರೊಂದು ಗ್ರಂಥವನ್ನು ಬರೆದರು. ನೂರಕ್ಕೂ ಹೆಚ್ಚು ಪ್ರಬಂಧಗಳು, ಏಳು ಪುಸ್ತಕಗಳು, ಇಪ್ಪತ್ತು ಮಂದಿ ಡಾಕ್ಟೊರೇಟ್ ಶಿಷ್ಯರು. ಪ್ರಾಧ್ಯಾಪಿಕೆಯಾಗಿ, ಬಳಿಕ ವಿಭಾಗದ ಅಧ್ಯಕ್ಷೆಯಾಗಿ 1982ರಲ್ಲಿ ನಿವೃತ್ತರಾದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ಕರೆಯುವುದುಂಟು. ಅದಕ್ಕಿಂತಲೂ ಆ ಇಪ್ಪತ್ತು ಶಿಷ್ಯರ ಲೆಕ್ಕವೇ ತೂಕದ್ದೆಂದು ತೋರುತ್ತದೆ.

ಹಿಂದಿರುಗಿ ಬಂದರೆಂಬ ಮಾತನ್ನು ಇಲ್ಲಿ ತುಸು ನಿಂತು ನೋಡಬೇಕು. ಹೊರಡುವುದು ಕುಂದಾಪುರದ ಸೀಮೆಗೆ ಹೊಸದಲ್ಲ. ಮುಂಬಯಿ, ಬೆಂಗಳೂರುಗಳ ಹೋಟೆಲುಗಳಲ್ಲಿ ಬೆವರು ಹರಿಸಿ, ಊರಿಗೆ ಮನಿಯಾರ್ಡರ್ ಕಳಿಸಿದ ಮನೆಗಳು ಇಲ್ಲಿ ಬೇಕಾದಷ್ಟಿದ್ದುವು. ಈಗ ಆ ಮನೆಗಳ ಮೊಮ್ಮಕ್ಕಳು ಇಲೆಕ್ಟ್ರಾನಿಕ್ಸ್ ಕಲಿತು ಹೊರಡುತ್ತಾರೆ. ಜಾಣ ಮಗಳು ಕಂಪೆನಿ ಸೇರಿದರೆ ತಂದೆತಾಯಿಗೆ ನಿಶ್ಚಿಂತೆ. ‘ನಾನು ಕಾಲೇಜಿನಲ್ಲಿ ಕಲಿಸುತ್ತೇನೆ’ ಎಂದರೆ ಅದೇ ತಂದೆತಾಯಿ ಮುಖ ಮುಖ ನೋಡಿಕೊಳ್ಳುತ್ತಾರೆ. ಸಂಬಳದ ಲೆಕ್ಕದಲ್ಲಿ ಅವರದು ತಪ್ಪೆನ್ನುವಂತಿಲ್ಲ. ಆದರೆ ಕಂಪೆನಿಗೆ ಹೋಗುವ ಅರುವತ್ತು ಮಕ್ಕಳಿಗೆ ಶೋಧಕವನ್ನು ಸರಿಸುವುದನ್ನು ಕಲಿಸುವವರೂ ಯಾರದೋ ಮನೆಯ ಮಕ್ಕಳೇ ಆಗಿರಬೇಕಷ್ಟೆ.

ಇದನ್ನು ದೇಶಭಕ್ತಿಯ ಉಪದೇಶವಾಗಿ ಹಿಗ್ಗಿಸುವುದೂ ಸರಿಯಲ್ಲ. ರಾಜೇಶ್ವರಿಯವರ ಮಗಳು ಇಂದಿರಾ ಅವರೂ ವಿದ್ಯುತ್ ತಂತ್ರಶಾಸ್ತ್ರದ ಪ್ರಾಧ್ಯಾಪಿಕೆಯಾದರು. ಕಲಿಸಿದ್ದು ಅಮೆರಿಕದ ನೆವಾಡ ವಿಶ್ವವಿದ್ಯಾನಿಲಯದಲ್ಲಿ. ತಾಯಿ ದೇಶಕ್ಕೆ ಮರಳಿದರು, ಮಗಳು ಅಲ್ಲಿ ನೆಲಸಿದರು. ಕರಿಹಲಗೆಯ ಮುಂದೆ ನಿಲ್ಲುವ ಕಸುಬನ್ನು ಮಾತ್ರ ಇಬ್ಬರೂ ಬಿಡಲಿಲ್ಲ.

ನಿವೃತ್ತಿಯ ಅನಂತರ ರಾಜೇಶ್ವರಿಯವರು ಮಹಿಳಾ ಅಧ್ಯಯನದ ಕಾರ್ಯದಲ್ಲಿ ತೊಡಗಿಕೊಂಡರು. ಎಳವೆಯಲ್ಲಿ ಗಣಿತಕ್ಕಾಗಿ ಬಿಟ್ಟುಕೊಟ್ಟಿದ್ದ ಇತಿಹಾಸವನ್ನು ಮತ್ತೆ ಕೈಗೆತ್ತಿಕೊಂಡು, ತಮ್ಮದೇ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದರು. 2010ರ ಸೆಪ್ಟೆಂಬರ್ 3ರಂದು ತೀರಿಕೊಂಡರು. ಜೀವಮಾನವೆಲ್ಲ ಅಲೆಗಳ ಲೆಕ್ಕ ಮಾಡಿದವರು ಆ ಪುಸ್ತಕಕ್ಕೆ ಇಟ್ಟ ಹೆಸರಿಗೆ ಕನ್ನಡದಲ್ಲಿ ಅರ್ಥ, ‘ಸಾವಿರ ತೊರೆಗಳು’.