ಐದನೆತ್ತ, ಅರ್ಧ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಎಂಟರ ಹೊತ್ತಿಗೆ ಮಗಳ ಫೋನು. ಅವಳಿರೋದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ. ಅವರಿಗೆ ಅದಿನ್ನೂ ಶನಿವಾರ ರಾತ್ರಿ. ಸಾಮಾನ್ಯವಾಗಿ ಅವಳ ಫೋನು ಅಂದ್ರೆ ಮೊದಲು ಮಂಡಿನೋವು, ಆಮೇಲೆ ಪುಣೆಯ ಟ್ರಾಫಿಕ್ಕು, ಕೊನೆಗೆ ಅಮ್ಮನ ಹತ್ತಿರ ಅರ್ಧ ಗಂಟೆ ಪಲ್ಯದ ವಿಚಾರ. ಅವತ್ತು ಮಾತ್ರ ನೇರವಾಗಿ ನನ್ನನ್ನೇ ಕೇಳಿದಳು.

"ಅಪ್ಪಾ, ಮನೆ ಹತ್ತಿರ ಒಂದು ಲುಥರನ್ ಸ್ಕೂಲಿದೆ. ಕ್ಲಾಸಲ್ಲಿ ಮಕ್ಕಳು ಕಮ್ಮಿ, ಟೀಚರುಗಳು ಚೆನ್ನಾಗಿದಾರೆ. ಇವನನ್ನ ನಾಲ್ಕನೇ ಕ್ಲಾಸಿಗೆ ಅಲ್ಲಿ ಹಾಕೋಣ ಅಂತ. ಆದ್ರೆ ದಿನಾ ಬೆಳಿಗ್ಗೆ ಬೈಬಲ್ ಪಾಠ ಇರತ್ತೆ. ಏನ್ಮಾಡ್ಲಿ?"

ಜೊತೆಗೆ ವಾಟ್ಸಾಪಿನಲ್ಲಿ ಶಾಲೆಯವರು ಕೊಟ್ಟ ಹಾಳೆಯನ್ನೂ ಕಳಿಸಿದ್ದಳು. ನಾಲ್ಕರಿಂದ ಆರನೆಯ ತರಗತಿಯವರೆಗೆ ಏನೇನು ಕಲಿಸುತ್ತಾರೆ ಅನ್ನೋ ಪಟ್ಟಿ. ಓದು, ಬರಹ, ಭಿನ್ನರಾಶಿ, ದಶಾಂಶ, ವಿಜ್ಞಾನ, ಸಮಾಜ, ಸಂಗೀತ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಧರ್ಮಪಾಠ, ವಾರಕ್ಕೊಂದು ವಚನ ಬಾಯಿಪಾಠ, ಲೂಥರನ ಪ್ರಶ್ನೋತ್ತರ.

"ನಾಳೆ ಹೇಳ್ತೀನಿ" ಅಂದು ಫೋನಿಟ್ಟೆ. ಯಾಕಂದ್ರೆ ಸೋಫಾದ ಮೇಲೆ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ನಮ್ಮಕ್ಕ ಕೂತಿದ್ದಳು. ಪೊರೆ ಆಪರೇಷನ್ನಿಗೆ ಅಂತ ಬೆಟಗೇರಿಯಿಂದ ಬಂದವಳು. ನನಗಿಂತ ಎರಡು ವರ್ಷ ದೊಡ್ಡವಳು, ಎಪ್ಪತ್ತೇಳು. ಕಣ್ಣು ಮುಚ್ಚಿದ್ದರೂ ಕಿವಿ ತೆರೆದೇ ಇತ್ತು.

"ಮಿಶನ್ ಸಾಲಿ ಏನ?" ಅಂದಳು. ನಾನು ಹೂಂ ಅಂದೆ. ಮುಂದೆ ಅವಳೂ ಮಾತಾಡಲಿಲ್ಲ, ನಾನೂ ಆಡಲಿಲ್ಲ.

ಈ ಮೌನದ ಕಥೆ ಹೇಳಬೇಕಾದರೆ ಅರವತ್ತು ವರ್ಷಕ್ಕಿಂತ ಹಿಂದೆ ಹೋಗಬೇಕು.

ಗದಗ-ಬೆಟಗೇರಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಬೆಟಗೇರಿ ಅಂದ್ರೆ ಮಗ್ಗ. ನಮ್ಮಪ್ಪನಿಗೂ ಮನೆಯಲ್ಲಿ ಎರಡು ಮಗ್ಗ ಇದ್ದವು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಧಾರವಾಡ 1837, ಹುಬ್ಬಳ್ಳಿ 1839, ನಮ್ಮ ಬೆಟಗೇರಿ 1841. ಊರಿನ ಜನ ಅವರ ಆಸ್ಪತ್ರೆಯನ್ನ ಜರ್ಮನ್ ದವಾಖಾನೆ ಅಂತಲೇ ಕರೆಯೋರು. ನಾವು ಶಾಲೆಗೆ ಹೋಗುವ ಹೊತ್ತಿಗೆ ಅಲ್ಲಿ ಕಲಿಸೋರೆಲ್ಲ ನಮ್ಮ ಕಡೆಯ ಮಾಸ್ತರು, ಅಕ್ಕೋರುಗಳೇ. ಆದರೂ ಜನರ ಬಾಯಲ್ಲಿ ಜರ್ಮನ್ ಹೋಗಿರಲಿಲ್ಲ.

(ಬಾಸೆಲ್ ಮಿಶನ್ ಪೂರ್ತಿ ಲುಥರನ್ ಅಲ್ಲ ಅಂತ ಯಾರಾದರೂ ತಿದ್ದುವ ಮೊದಲು ನಾನೇ ಹೇಳಿಬಿಡ್ತೀನಿ. ಬಾಸೆಲ್ ಇರೋದು ಸ್ವಿಟ್ಜರ್ಲೆಂಡಿನಲ್ಲಿ, ಅಲ್ಲಿಯದು ಬೇರೆ ಪಂಥ. ಆದರೆ ಬಂದವರಲ್ಲಿ ಬಹಳ ಜನ ಜರ್ಮನಿಯ ವುರ್ಟೆಂಬರ್ಗ್ ಕಡೆಯವರು, ಲುಥರನ್ ಮನೆಯಲ್ಲಿ ಬೆಳೆದವರು. ನಮ್ಮ ನಿಘಂಟಿನ ಕಿಟ್ಟೆಲ್ಲರೂ ಜರ್ಮನಿಯವರೇ, ಉತ್ತರದ ಸಮುದ್ರದಂಡೆಯವರು. ಎರಡೂ ಕಲಸಿದ ಹಿಟ್ಟು ಅನ್ನಿ.)

ಅಪ್ಪ ನಮ್ಮಿಬ್ಬರನ್ನೂ ಮಿಶನ್ ಶಾಲೆಗೇ ಹಾಕಿದ್ದ. ಭಕ್ತಿಯೇನಲ್ಲ, ಮನೆಗೆ ಹತ್ತಿರ ಅಂತ ಅಷ್ಟೇ. ಬೆಳಿಗ್ಗೆ ಮೊದಲು ಪ್ರಾರ್ಥನೆ, ಒಂದು ಹಾಡು, ಒಂದು ಕಥೆ. ಬೇಡ ಅಂದವರು ಹೊರಗೆ ಕೂರಬಹುದಿತ್ತು. ಸರಕಾರದ ಹಣ ಪಡೆಯುವ ಶಾಲೆ ಪಾಲಕರ ಒಪ್ಪಿಗೆಯಿಲ್ಲದೆ ಮಕ್ಕಳನ್ನ ಧರ್ಮಪಾಠಕ್ಕೆ ಕೂರಿಸೋ ಹಾಗಿಲ್ಲ, ಸಂವಿಧಾನದ 28ನೆಯ ವಿಧಿ. ಆದರೆ ಹೊರಗೆ ಕೂರೋರು ಯಾರು? ಒಳಗೆ ಹಾರ್ಮೋನಿಯಂ ಇತ್ತು!

ಅಕ್ಕನಿಗೆ ಹಾಡಿನ ಹುಚ್ಚು. 1959ರಲ್ಲಿ ಅವಳು ಐದನೆತ್ತ, ನಾನು ಮೂರನೆತ್ತ. ಐದಕ್ಕೆ ಬಂದರೆ ಅಲ್ಲಿ ಕಲಿಯೋದೇ ಬೇರೆ ಆಗ್ತಿತ್ತು. ಹುಡುಗಿಯರಿಗೆ ಹೊಲಿಗೆ, ಒಂದು ತುಂಡು ಬಟ್ಟೆಯ ಮೇಲೆ ಹನ್ನೆರಡು ಥರದ ಹೊಲಿಗೆ ಹಾಕಿ ತೋರಿಸಬೇಕು. ಗೋಡೆಗೆ ಪ್ರಪಂಚದ ನಕ್ಷೆ. ಕಥೆ ಹೇಳಿ ಬಿಡುತ್ತಿರಲಿಲ್ಲ, "ಇದರ ಅರ್ಥವೇನು?" ಅಂತ ಕೇಳಿ ಮಕ್ಕಳ ಬಾಯಿಂದಲೇ ಹೇಳಿಸೋರು. ಇದು ಲೂಥರ್ ಹಾಕಿಕೊಟ್ಟ ಪದ್ಧತಿ ಅಂತ ನನಗೆ ಗೊತ್ತಾದದ್ದು ತೀರಾ ಇತ್ತೀಚೆಗೆ. 1529ರ ಅವನ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ ಒಂದೊಂದು ಆಜ್ಞೆಯ ಕೆಳಗೂ ಇದೇ ಪ್ರಶ್ನೆ. ಅದಕ್ಕೂ ಐದು ವರ್ಷ ಮೊದಲು, 1524ರಲ್ಲಿ, ಜರ್ಮನಿಯ ಪಟ್ಟಣಗಳ ಹಿರಿಯರಿಗೆ ಅವನು ಬರೆದ ಒಂದು ಪತ್ರ ಇದೆ. ಶಾಲೆ ತೆಗೀರಿ, ಹುಡುಗರು ದಿನಕ್ಕೆ ಒಂದೆರಡು ತಾಸು ಬರಲಿ, ಉಳಿದ ಹೊತ್ತು ಮನೆಯಲ್ಲಿ ಕಸುಬು ಕಲೀಲಿ, ಹುಡುಗಿಯರೂ ಒಂದು ತಾಸಾದರೂ ಬರಲಿ ಅನ್ನೋದು ಅದರ ಧಾಟಿ. ಒಂದೇ ತಾಸಾ ಅಂತ ನಗಬೇಡಿ. ಅಕ್ಕನಿಗೆ ಆ ಒಂದು ತಾಸೂ ಮುಂದೆ ಸಿಗಲಿಲ್ಲ.

ಆ ವರ್ಷದ ಗಣಿತವೂ ಮಜವಾಗಿತ್ತು. 1957ರ ಏಪ್ರಿಲ್ ಒಂದಕ್ಕೆ ನಯಾ ಪೈಸೆ ಬಂದಿತ್ತು. ಅಲ್ಲಿಯವರೆಗೆ ರೂಪಾಯಿಗೆ ಹದಿನಾರು ಆಣೆ, ಆಮೇಲೆ ನೂರು ಪೈಸೆ. ಒಂದಾಣೆಗೆ ಆರೂಕಾಲು ಪೈಸೆ ಆಗಬೇಕು. ಕಾಲು ಪೈಸೆ ಎಲ್ಲಿಂದ ತರೋದು? ಅದಕ್ಕೆ ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು. "ಅಂಗಡಿಗೆ ಒಮ್ಮೆಲೆ ನಾಕಾಣೆ ಒಯ್ಯಬೇಕಲೇ, ಒಂದೊಂದಾಣೆ ಒಯ್ದ್ರ ಒಂದ್ ಪೈಸೆ ಲುಕ್ಸಾನು" ಅಂತ ಅಕ್ಕ ನನಗೆ ಹೇಳಿಕೊಟ್ಟದ್ದು ಇನ್ನೂ ನೆನಪಿದೆ. ಈ ಲೆಕ್ಕ ಮುಗಿದ ಮೇಲೆ ಬಿಂದು ಇಟ್ಟು ಬರೆಯುವ ದಶಾಂಶ ಬರಬೇಕಿತ್ತು.

ಬರೋದರೊಳಗೆ ನಾನು ಕೆಲಸ ಕೆಡಿಸಿದೆ.

ದಸರೆ ರಜೆಗೆ ಮೊದಲು ಇರಬೇಕು. ಅಕ್ಕ ಬಾವಿಕಟ್ಟೆ ಹತ್ತಿರ ಪಾತ್ರೆ ತಿಕ್ಕುತ್ತಾ ಶಾಲೆಯ ಹಾಡು ಹೇಳ್ತಿದ್ದಳು. ನನಗೆ ಅವತ್ತು ಅವಳ ಮೇಲೆ ಸಿಟ್ಟು. ನನ್ನ ಬಳಪ ಮುರಿದಿದ್ದಳೋ, ಪಾಲಿನ ಶೇಂಗಾ ಕಮ್ಮಿ ಕೊಟ್ಟಿದ್ದಳೋ, ಈಗ ನೆನಪಿಲ್ಲ. ಮಗ್ಗದ ಮೇಲಿದ್ದ ಅಪ್ಪನ ಹತ್ತಿರ ಓಡಿಹೋಗಿ, "ಅಪ್ಪಾ, ಅಕ್ಕ ಯೇಸುನ ಹಾಡ ಹೇಳಾಕತ್ತಾಳ, ದಿನಾ ಕಣ್ಣ ಮುಚ್ಚಿ ಕೈ ಮುಗೀತಾಳ" ಅಂದೆ. ಹಾಡು ನಿಜ. ಕೈ ಮುಗಿಯೋದು ನಾನು ಸೇರಿಸಿದ್ದು. ಅವತ್ತು ಅಪ್ಪನ ಹತ್ತಿರ ನೂಲಿನ ವ್ಯಾಪಾರಿಗಳು ಇಬ್ಬರು ಕೂತಿದ್ದರು. ಅವರಲ್ಲೊಬ್ಬರು ನಕ್ಕು, "ಮಗಳನ್ನ ಅವ್ರಿಗೇ ಬರದಕೊಟ್ಟಿ ಏನಪಾ" ಅಂದರು. ಆ ನಗು ಇಲ್ಲದಿದ್ದರೆ ಅಪ್ಪ ಒಂದೇಟು ಕೊಟ್ಟು ಮರೆಯುತ್ತಿದ್ದನೇನೋ.

ಮರುದಿನದಿಂದ ಅಕ್ಕ ಶಾಲೆಗೆ ಹೋಗಲಿಲ್ಲ. ಅಕ್ಕೋರು ಎರಡು ಸಲ ಮನೆಗೆ ಬಂದರು. ಕಥೆಯ ಪಾಠಕ್ಕೆ ಬೇಡವಾದರೆ ಹೊರಗೇ ಕೂರಲಿ, ಹುಡುಗಿ ಚುರುಕು, ಮುಲ್ಕಿಯವರೆಗೆ ಓದಲಿ ಅಂದರು. ಅಪ್ಪ ಚಹಾ ಕೊಡಿಸಿದ, ಹೂಂ ಅನ್ನಲಿಲ್ಲ. ನನ್ನನ್ನೇನೂ ಬಿಡಿಸಲಿಲ್ಲ ನೋಡಿ! ಗಂಡು ಹುಡುಗ ಹಾಡಿದರೆ ಏನೂ ಆಗೋದಿಲ್ಲ ಅಂತ ಲೆಕ್ಕ. ಅದೇ ಶಾಲೆಯಲ್ಲಿ ಐದು, ಆರು, ಏಳು ಮುಗಿಸಿದೆ. ಮುಲ್ಕಿ ಪಾಸಾದೆ, ಮುಂದೆ ಓದಿದೆ, ಪುಣೆಗೆ ಬಂದೆ, ಪಿಂಪರಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕೆಲಸ ಮಾಡಿದೆ. ಅಕ್ಕ ಕಂಡಿಕೆ ಸುತ್ತಿದಳು. ರಾತ್ರಿ ನನ್ನ ಆರನೆತ್ತದ ಪುಸ್ತಕ ತೆಗೆದು ಚಿಮಣಿ ಬೆಳಕಿನಲ್ಲಿ ಓದುತ್ತಿದ್ದಳು. ಕನ್ನಡ, ಇತಿಹಾಸ ಎಲ್ಲ ನುಂಗಿದಳು. ಗಣಿತ ಮಾತ್ರ ಹೇಳಿಕೊಡೋರು ಬೇಕಲ್ಲ. ನನ್ನನ್ನ ಕೇಳಿದಾಗ "ನನಗ ಆಟಕ್ಕ ಹೊತ್ತಾತು" ಅಂದಿದ್ದೆ.

ಪುಣೆಗೆ ಬಂದು ಎಷ್ಟೋ ವರ್ಷಗಳ ಮೇಲೆ ಪಂಡಿತಾ ರಮಾಬಾಯಿಯವರ ಬಗ್ಗೆ ಓದಿದೆ. ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಅಂದ್ರೆ ಅವರೂ ನಮ್ಮ ಹಾಗೆ ಈ ಕಡೆಯಿಂದ ಬಂದವರೇ! 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದು, ಮರುವರ್ಷ ಪುಣೆಗೆ ತಂದರು. ವಿಧವೆ ಹುಡುಗಿಯರಿಗೆ ಓದು. 1893ರಲ್ಲಿ ಊರಲ್ಲಿ ಗುಲ್ಲೆದ್ದಿತು, ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಗೆ ಹೋಗಿ ಕೂರುತ್ತಾರೆ ಅಂತ. ಪತ್ರಿಕೆಗಳಲ್ಲಿ ಬಂತು. ಎಷ್ಟೋ ಪಾಲಕರು ಬಂದು ತಮ್ಮ ಹುಡುಗಿಯರನ್ನ ಬಿಡಿಸಿಕೊಂಡು ಹೋದರು. ಅದನ್ನ ಓದುವಾಗ ನನಗೆ ಹೊಳೆದದ್ದು ಒಂದೇ: ಹಾಗೆ ಹೋದವರು ಮುಂದೆ ಏನಾದರು? ರಮಾಬಾಯಿಯವರ ಬಗ್ಗೆ ಪುಸ್ತಕಗಳಿವೆ, ಅವರನ್ನ ಬೈದವರ ಬಗ್ಗೆಯೂ ಇವೆ. ಸೋಲಾಪುರದ ದಾರಿಯಲ್ಲಿ ಊರಿಗೆ ಹೋಗುವಾಗ ಅವರ ಮುಕ್ತಿ ಮಿಶನ್ ಇರುವ ಕೇಡಗಾಂವ ಸ್ಟೇಷನ್ ಬಂದರೆ ನಾನು ಸುಮ್ಮನೆ ಕಿಟಕಿಯಿಂದ ಹೊರಗೆ ನೋಡ್ತೀನಿ.

ಒಂದು ಮಾತು ಹೇಳಲೇಬೇಕು. ಮಿಶನರಿಗಳು ಮತ ಹಬ್ಬಿಸಲೆಂದೇ ಬಂದವರು, ಅದನ್ನ ಅವರೂ ಮುಚ್ಚಿಡಲಿಲ್ಲ. ಅಪ್ಪನ ಹೆದರಿಕೆ ಪೂರ್ತಿ ಹುಚ್ಚು ಅಂತ ನಾನು ಹೇಳೋದಿಲ್ಲ. ಆದರೆ 1856ರಲ್ಲಿ ಧಾರವಾಡದ ಸರಕಾರಿ ಶಾಲೆ ಒಬ್ಬ ಮಹಾರ ಹುಡುಗನನ್ನ ಸೇರಿಸಿಕೊಳ್ಳಲಿಲ್ಲ ಅನ್ನೋದೂ ದಾಖಲೆಯಲ್ಲಿದೆ. ಇಲ್ಲಿ ಪುಣೆಯಲ್ಲಿ ಜ್ಯೋತಿಬಾ ಫುಲೆ 1841ರಿಂದ ಓದಿದ್ದೂ ಸ್ಕಾಟ್ಲೆಂಡಿನ ಮಿಶನರಿಗಳ ಶಾಲೆಯಲ್ಲಿ. ಓದಿ ಅವರು ಕ್ರಿಶ್ಚಿಯನ್ ಆಗಲಿಲ್ಲ, 1848ರಲ್ಲಿ ಹುಡುಗಿಯರ ಶಾಲೆ ತೆಗೆದರು. ಶಾಲೆಯವರು ಒಂದು ಕಲಿಸಿದರೆ ಹುಡುಗರು ಇನ್ನೊಂದು ಕಲಿತು ಬರ್ತಾರೆ. ನನ್ನನ್ನೇ ನೋಡಿ, ಯೋಸೇಫನನ್ನ ಅಣ್ಣಂದಿರು ಮಾರಿದ ಕಥೆ ಎಷ್ಟು ಸಲ ಕೇಳಿದ್ದೆನೋ, ಅರ್ಥವೇನು ಅಂದಾಗ ಎದ್ದುನಿಂತು ಉತ್ತರವನ್ನೂ ಹೇಳಿದ್ದೆ.

ಮಗಳ ಊರಿನ ಲುಥರನ್ನರ ಕಥೆ ಬೇರೆ. ಅವರು ನಮ್ಮ ಹಾಗೇ ಊರು ಬಿಟ್ಟವರು. ಜರ್ಮನಿಯಿಂದ ಮಿಸೌರಿಗೆ ಬಂದು 1847ರಲ್ಲಿ ತಮ್ಮ ಸಂಘ ಕಟ್ಟಿಕೊಂಡರು. ಮಕ್ಕಳು ಧರ್ಮ, ಭಾಷೆ ಮರೀಬಾರದು ಅಂತ ಚರ್ಚಿನ ಪಕ್ಕದಲ್ಲೇ ಶಾಲೆ. ಮೊದಲ ಮಹಾಯುದ್ಧ ಬರುವವರೆಗೂ ಎಷ್ಟೋ ಕಡೆ ಜರ್ಮನ್ ಭಾಷೆಯಲ್ಲೇ ಪಾಠ. ಆಮೇಲೆ ಇಂಗ್ಲಿಷ್ ಬಂತು, ಧರ್ಮಪಾಠ ಉಳಿಯಿತು. ಪುಣೆಯಲ್ಲಿ ಕನ್ನಡ ಸಂಘ, ಕನ್ನಡ ಶಾಲೆ ಅಂತ ಓಡಾಡಿದ ನಮಗೆ ಇದು ಚೆನ್ನಾಗಿ ಅರ್ಥವಾಗತ್ತೆ. (ನನ್ನ ಮಗಳನ್ನ ಮಾತ್ರ ನಾನು ಇಂಗ್ಲಿಷ್ ಮೀಡಿಯಮ್ಮಿಗೇ ಹಾಕಿದೆ. ಆ ಕಥೆ ಇನ್ನೊಂದು ದಿನ.)

ಅವತ್ತು ರಾತ್ರಿ ಅಕ್ಕನ ಕಣ್ಣಿಗೆ ಔಷಧ ಹಾಕುವ ಸರದಿ ನನ್ನದು. ಹನಿ ಬಿಟ್ಟು ಪಕ್ಕದಲ್ಲೇ ಕೂತೆ. ಅವಳು ಕಣ್ಣು ಮುಚ್ಚಿದ್ದಾಗಲೇ ಹೇಳೋದು ಸುಲಭ ಅನ್ನಿಸಿತು.

"ಅಕ್ಕಾ, ಅಪ್ಪಗ ಹೇಳಿದಾಂವ ನಾನ."

"ಗೊತ್ತೈತಿ."

"ಯಾವಾಗಿಂದ?"

"ಆವಾಗಿಂದ. ನೀ ಓಡಿಹೋಗೂದು ಬಾವಿಕಟ್ಟಿಗೆ ಕಾಣತಿತ್ತು."

ಸ್ವಲ್ಪ ಹೊತ್ತು ಬಿಟ್ಟು ಅಂದಳು, "ನೀ ಹೇಳಲಿಲ್ಲಂದ್ರ ಬ್ಯಾರೆ ಯಾರರ ಹೇಳತಿದ್ರು. ಆದ್ರ ನೀನ ಹೇಳಿದಿ."

ನಾನು ಏನು ಹೇಳಲಿ? ಬಾಟಲಿಯ ಮುಚ್ಚಳ ತಿರುವುತ್ತಾ ಕೂತೆ. ಅವಳೇ ಮಾತು ಬದಲಿಸಿದಳು. ಹನ್ನೆರಡು ಹೊಲಿಗೆಯಲ್ಲಿ ಏಳು ಮುಗಿದಿದ್ದವಂತೆ, ಎಂಟನೆಯದು ಕಾಜ. ಆ ತುಂಡು ಇನ್ನೂ ಟ್ರಂಕಿನಲ್ಲಿದೆಯಂತೆ. ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಮರುದಿನ ಮಗಳ ಫೋನು ಬಂದಾಗ ಅಕ್ಕ ಕೈ ಚಾಚಿ ಇಸಿದುಕೊಂಡಳು. "ಹಾಕವಾ" ಅಂದಳು. "ಅವರು ಏನ್ ಕಲಸ್ತಾರೋ ಕಲಸ್ಲಿ. ಮನಿಗೆ ಬಂದಾಗ ನೀ ಕುಂತು ಏನ್ ಹೇಳಿಕೊಟ್ರು ಅಂತ ಕೇಳು. ಆದ್ರ ಒಮ್ಮೆ ಹಾಕಿದ್ ಮ್ಯಾಲ ನಡುವ ಬಿಡಸಬ್ಯಾಡ." ಮಗಳಿಗೆ ಹಿಂದಿನದೇನೂ ಗೊತ್ತಿಲ್ಲ. "ಆಯ್ತು ಅತ್ತೆ" ಅಂದಳು.

ಆಮೇಲೆ ಮೊಮ್ಮಗ ಸ್ಕ್ರೀನಿಗೆ ಬಂದ. ಅವನ ಕನ್ನಡ ಬರೀ ಮಾತಿನದು, ಅದೂ ಅರ್ಧಕ್ಕರ್ಧ ಇಂಗ್ಲಿಷು. ಅಕ್ಕ ಅವನನ್ನ ಕೇಳಿದಳು, "ಬಿಂದು ಇಟ್ಟು ಬರೀತಾರಲ್ಲ, ಆ ಲೆಕ್ಕ ನಿನಗ ಬರತೈತೇನ?" ಅವನು ಅಮ್ಮನ ಮುಖ ನೋಡಿದ. ಅಮ್ಮ ಅರ್ಥ ಹೇಳಿದಳು. ಈ ವರ್ಷ ಕಲೀತೀನಿ ಅಂದ.

"ಕಲತಂಗ ನನಗ ಹೇಳಿಕೊಡು."

ಈಗ ಅಕ್ಕ ಊರಿಗೆ ಹೋಗಿಯಾಗಿದೆ. ಹೊಸ ಕಣ್ಣು, ಹೊಸ ಕನ್ನಡಕ. ಬೆಟಗೇರಿಯಲ್ಲಿ ಅವಳ ಮಗನ ಮೊಬೈಲಿಗೆ ಶನಿವಾರಕ್ಕೊಮ್ಮೆ ಸೇಂಟ್ ಲೂಯಿಸ್‌ನಿಂದ ಕರೆ ಬರತ್ತಂತೆ. ಮೊನ್ನೆ ನನಗೂ ಒಂದು ಫೋಟೋ ಬಂತು. ಹಳೆಯ ಕ್ಯಾಲೆಂಡರಿನ ಹಿಂಬದಿ, ಪೆನ್ಸಿಲಿನಲ್ಲಿ ಮೂರು ಲೆಕ್ಕ. ಎರಡು ಸರಿ. ಮೂರನೆಯದರಲ್ಲಿ ಬಿಂದು ಒಂದು ಮನೆ ಆಚೆಗೆ ಬಿದ್ದಿದೆ. ಕೆಳಗೆ ಅವಳ ದುಂಡನೆಯ ಅಕ್ಷರ: "ತಮ್ಮಾ, ತಪ್ಪಿದ್ದರೆ ಹೇಳು."

ಫೋನು ಹಚ್ಚಬೇಕು. ಈ ಸಲ ಆಟಕ್ಕೇನೂ ಹೊತ್ತಾಗಿಲ್ಲ.