ಮಾಯವಾಗುವ ಅಚ್ಚು

“ಚರಿತ್ರೆ ಓದುವ ಹುಡುಗನಿಗೆ ಕುಲುಮೆಯ ಮುಂದೆ ಏನು ಕೆಲಸ?” ಎಂದು ನನ್ನ ಗೆಳೆಯರು ಕೇಳುವುದುಂಟು. ಕೇಳತಕ್ಕ ಪ್ರಶ್ನೆಯೇ. ನಮ್ಮದು ಕಲಾ ಕಾಲೇಜು. ಇಲ್ಲಿ ಉರಿಯುವ ದೀಪವಿಲ್ಲ, ಕುದಿಯುವ ದ್ರವವಿಲ್ಲ. ನಮ್ಮ ಬೆರಳಿಗೆ ಹತ್ತುವ ಮಸಿಯೆಂದರೆ ಲೇಖನಿಯದು ಮಾತ್ರ. ಆದರೆ ಕಳೆದ ಬೇಸಗೆಯ ರಜೆಯಲ್ಲಿ ನನ್ನ ಬೆರಳಿಗೆ ಇದ್ದಿಲ ಮಸಿ ಹತ್ತಿತು. ಅದು ಹೇಗೆ ಹತ್ತಿತೆಂಬುದನ್ನು ಹೇಳುವುದಕ್ಕಾಗಿ ಈ ನಾಲ್ಕು ಪುಟಗಳನ್ನು ಸಂಪಾದಕರಿಂದ ಬೇಡಿ ಪಡೆದಿದ್ದೇನೆ.

ನಮ್ಮದು ನಾಗಮಂಗಲದ ಕಡೆಯ ಮನೆತನ. ಹಿತ್ತಾಳೆ ಕಂಚುಗಳ ಎರಕಕ್ಕೆ ಆ ಊರು ಹೆಸರಾದುದೆಂಬುದನ್ನು ವಾಚಕರಲ್ಲಿ ಹಲವರು ಬಲ್ಲರು. ನನ್ನ ತಾತ ಆ ಕಸುಬಿನವರು. ದೀಪದ ಕಂಬ, ಗಂಟೆ, ಪ್ರಭಾವಳಿ, ಸಣ್ಣ ವಿಗ್ರಹ - ಇವೆಲ್ಲ ಅವರ ಕೈಯಲ್ಲಿ ಮೊದಲು ಮೇಣವಾಗಿ ಹುಟ್ಟಿ ಆಮೇಲೆ ಲೋಹವಾಗುತ್ತಿದ್ದುವು. ಎಂಟು ವರ್ಷಗಳಿಂದ ಅವರ ಕುಲುಮೆ ಉರಿದಿಲ್ಲ. ಕೀಲುವಾತದಿಂದ ಬೆರಳುಗಳು ಗಂಟುಗಟ್ಟಿವೆ. ಮೇಣದ ಕೆಲಸವೆಂದರೆ ನೋಡುವುದಕ್ಕೆ ನಾಜೂಕು, ಮಾಡುವುದಕ್ಕೆ ಬಿಗಿ. ಅದನ್ನು ಬಿಸಿ ಮಾಡಿ, ನಾದಿ, ಎಳೆ ತೆಗೆದು, ಆರುವುದರೊಳಗೆ ಒತ್ತಿ ಕೂರಿಸಬೇಕು. ಆ ಬಲ ಬೆರಳಿನಿಂದ ಹೋದ ದಿನ ತಾತ ಮಾತನ್ನೂ ಕಡಮೆ ಮಾಡಿದರು. ಜಗಲಿಯ ಮೇಲೆ ಕುಳಿತು ರಸ್ತೆ ನೋಡುವುದೇ ಅವರ ಕೆಲಸವಾಯಿತು.

ಮೇಣದ ಎರಕ ಎಷ್ಟು ಹಳೆಯದೆಂಬುದು ನನಗೆ ತಿಳಿದುದು ಮನೆಯಲ್ಲಲ್ಲ, ತರಗತಿಯಲ್ಲಿ. ಮೊಹೆಂಜೊದಾರೊದಲ್ಲಿ 1926ರಲ್ಲಿ ಸಿಕ್ಕಿದ ನರ್ತಕಿಯ ಪ್ರತಿಮೆ ಹತ್ತೂವರೆ ಸೆಂಟಿಮೀಟರಿನಷ್ಟು ಎತ್ತರದ್ದು. ಅದೂ ಮೇಣದ ಎರಕವೇ. ಕಲ್ಯಾಣದಿಂದ 1126ರಿಂದ 1138ರವರೆಗೆ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಈ ವಿಧಾನವನ್ನು ವಿವರಿಸಿದ್ದಾನೆ. ಮೇಣದ ಪ್ರತಿಮೆ ಮಾಡಿ, ಮಣ್ಣು ಮೆತ್ತಿ, ಒಣಗಿಸಿ, ಕಾಯಿಸಿ ಮೇಣವನ್ನು ಹೊರಕ್ಕೆ ಹರಿಸಿ, ಆ ಬರಿದಾದ ಜಾಗಕ್ಕೆ ಲೋಹ ಹೊಯ್ಯಬೇಕು. ಅಷ್ಟೇ ಅಲ್ಲ, ಮಣ್ಣು ಮೆತ್ತುವ ಮೊದಲೇ ಮೇಣವನ್ನು ತೂಗಿಡಬೇಕು. ಯಾವ ಲೋಹವಾದರೆ ಮೇಣದ ಎಷ್ಟು ಪಾಲು ಬೇಕೆಂಬ ಲೆಕ್ಕವನ್ನೂ ಆತ ಕೊಟ್ಟಿದ್ದಾನೆ. ನಾನು ಇದನ್ನು ಹೇಳಿದಾಗ ತಾತ, “ದೊರೆಗೂ ಗೊತ್ತಿತ್ತಾ?” ಎಂದರು. ಆ ವಾರದಲ್ಲಿ ಅವರು ಆಡಿದ ಉದ್ದದ ಮಾತು ಅದು.

ಇನ್ನು ಥರ್ಮೋಕೋಲಿನ ವಿಚಾರ. ನಮ್ಮೂರಿನವರು ಇದನ್ನು ಬೆಂಡು ಎನ್ನುತ್ತಾರೆ. ಟೆಲಿವಿಷನ್ ಪೆಟ್ಟಿಗೆಯೊಳಗೆ ಮೂಲೆಗೆ ಒತ್ತಿಟ್ಟು ಕಳಿಸುವ ಆ ಬಿಳಿಯ ಹಗುರ ವಸ್ತು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕು. ಅದರ ಗಾತ್ರದಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲು ಬರಿಯ ಗಾಳಿ. ಇದರಿಂದ ಅಚ್ಚು ಮಾಡಿ ಲೋಹ ಎರೆಯಬಹುದೆಂದು ಅಮೆರಿಕದ ಹೆರಾಲ್ಡ್ ಶ್ರೋಯರ್ ಎಂಬವರು 1958ರಲ್ಲಿ ಪೇಟೆಂಟು ಪಡೆದರು. ಮೇಣವನ್ನು ಮೊದಲು ಕರಗಿಸಿ ಹೊರಕ್ಕೆ ತೆಗೆಯಬೇಕಷ್ಟೆ? ಬೆಂಡನ್ನು ತೆಗೆಯುವುದೇ ಬೇಡ. ಮರಳಿನಲ್ಲಿ ಹೂತು ಅದರ ಮೇಲೆಯೇ ಕಾದ ಲೋಹವನ್ನು ಹೊಯ್ದರೆ, ಬೆಂಡು ಕರಗಿ ಆವಿಯಾಗಿ ಜಾಗ ಬಿಡುತ್ತ ಹೋಗುತ್ತದೆ, ಲೋಹವು ಹಿಂದೆಯೇ ಬಂದು ಆ ಜಾಗ ಹಿಡಿಯುತ್ತದೆ. ಮುಂದೆ 1964ರಲ್ಲಿ ಅಂಟು ಬೆರೆಸದ ಒಣ ಮರಳೇ ಸಾಕೆಂಬುದನ್ನೂ ಕಂಡುಕೊಂಡರು. 1990ರಲ್ಲಿ ಅಮೆರಿಕದ ಸ್ಯಾಟರ್ನ್ ಕಾರಿನ ಎಂಜಿನ್ನಿನ ದೊಡ್ಡ ಭಾಗಗಳು ಈ ಕ್ರಮದಿಂದಲೇ ತಯಾರಾಗತೊಡಗಿದುವು. ಕಾರಿನ ಎಂಜಿನ್ನಿಗೆ ಆಗುವುದು ನಮ್ಮ ಹಿತ್ತಲಿನಲ್ಲಿ ಏಕಾಗಬಾರದು ಎಂದು ನನಗೆ ಅನ್ನಿಸಿತು.

ತಾಯಿಯವರ ಅಪ್ಪಣೆ ಸುಲಭವಾಗಿ ಸಿಕ್ಕಲಿಲ್ಲ. ಅವರು ಕುಲುಮೆಯ ಮನೆಗೆ ಸೊಸೆಯಾಗಿ ಬಂದವರು. ಬೆಂಕಿಯ ಗುಣ ಬಲ್ಲವರು. ಅವರು ವಿಧಿಸಿದ ಕಟ್ಟಳೆಗಳನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಯಾರಿಗಾದರೂ ಈ ಹುಚ್ಚು ಹಿಡಿದರೆ ಮೊದಲು ಬೇಕಾದುವು ಇವೇ. ಬಯಲಿನಲ್ಲಿಯೇ ಮಾಡಬೇಕು, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ನಿಲ್ಲಬೇಕು, ಬೆಂಡಿನ ಹೊಗೆ ವಿಷ. ತೊಗಲಿನ ಜೋಡು, ಹತ್ತಿಯ ತುಂಬುದೋಳಿನ ಅಂಗಿ, ಕೈಗವಸು, ಮುಖಕ್ಕೆ ಮರೆ ಇರಬೇಕು. ಸಿಮೆಂಟಿನ ನೆಲದ ಮೇಲೆ ಹೊಯ್ಯಕೂಡದು. ಲೋಹ ಚೆಲ್ಲಿದರೆ ಆ ನೆಲದೊಳಗಿನ ತೇವ ಆವಿಯಾಗಿ ಸಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನೀರಿನ ಹನಿ ಹತ್ತಿರ ಸುಳಿಯಬಾರದು. ನೀರು ಆವಿಯಾದಾಗ 1,600 ಪಾಲಿಗೂ ಮಿಗಿಲಾಗಿ ಹಿಗ್ಗುತ್ತದೆ. ಕರಗಿದ ಲೋಹದ ಅಡಿಯಲ್ಲಿ ಅದು ಹಿಗ್ಗಿದರೆ ಲೋಹವೇ ಮೇಲಕ್ಕೆ ಹಾರುತ್ತದೆ. ಆದುದರಿಂದ ಮರಳನ್ನು ಬಾಣಲೆಯಲ್ಲಿ ಹುರಿದು ಆರಿಸಿಟ್ಟೆ. ಮೂಸೆಗೆ ಹಾಕುವ ಲೋಹದ ಚೂರುಗಳನ್ನು ಕುಲುಮೆಯ ಬಾಯಿಯ ಪಕ್ಕದಲ್ಲಿ ಮೊದಲು ಬಿಸಿ ಮಾಡುತ್ತಿದ್ದೆ.

ಕುಲುಮೆಗೆ ತಾತನ ಹಳೆಯ ಬೆಂಕಿಯಿಟ್ಟಿಗೆಗಳು ಇದ್ದುವು. ತಿದಿಯ ತೊಗಲು ಹರಿದಿದ್ದರಿಂದ ಸಣ್ಣದೊಂದು ವಿದ್ಯುತ್ ಬೀಸಣಿಗೆಯನ್ನು ಕೊಳವೆಗೆ ಜೋಡಿಸಿದೆ. ಲೋಹಕ್ಕೆ ಗುಜರಿ ಅಂಗಡಿಯಿಂದ ಹಳೆಯ ಸ್ಕೂಟರ್ ಎಂಜಿನ್ನಿನ ಅಲ್ಯೂಮಿನಿಯಮ್ ತುಂಡುಗಳನ್ನು ತಂದೆ. ಪಾನೀಯದ ಡಬ್ಬಿಗಳಿಗಿಂತ ಇದು ಮೇಲು. ಡಬ್ಬಿಯ ತಗಡು ತೆಳು. ಕರಗಿದಾಗ ಅದರಿಂದ ಕಿಟ್ಟವೇ ಹೆಚ್ಚು. ಎಂಜಿನ್ನಿನದು ಒಮ್ಮೆ ಎರಕವಾಗಿಯೇ ಹುಟ್ಟಿದ ಲೋಹ. ಅದರಲ್ಲಿ ಸಿಲಿಕಾನ್ ಬೆರೆತಿರುವುದರಿಂದ ಚೆನ್ನಾಗಿ ಹರಿಯುತ್ತದೆ. ಶುದ್ಧ ಅಲ್ಯೂಮಿನಿಯಮ್ 660 ಡಿಗ್ರಿಯಲ್ಲಿ ಕರಗುತ್ತದೆ, ಇದು ಅದಕ್ಕೂ ಸ್ವಲ್ಪ ಮೊದಲೇ. ಆದರೆ ಕರಗಿದ ಕೂಡಲೇ ಹೊಯ್ಯುವಂತಿಲ್ಲ. ಬೆಂಡನ್ನು ಆವಿ ಮಾಡುವುದಕ್ಕೂ ಶಾಖ ಖರ್ಚಾಗುತ್ತದೆ. ಅಷ್ಟನ್ನು ಮುಂಗಡವಾಗಿ ಕೊಟ್ಟಿರಬೇಕು.

ಮೊದಲು ಪರೀಕ್ಷೆಗೆಂದು ಒಂದೇ ಅಳತೆಯ ಮೂರು ಬೆಂಡಿನ ತುಂಡುಗಳನ್ನು ಕೊಯ್ದೆ. ಒಂದನ್ನು ಹಾಗೆಯೇ ಮರಳಿನಲ್ಲಿ ಹೂತೆ. ಉಳಿದೆರಡಕ್ಕೆ, ಫಾಲ್ಸ್ ಸೀಲಿಂಗ್ ಹಲಗೆಗಳ ಸಂದು ಮುಚ್ಚಲು ಬಳಸುವ ಜಿಪ್ಸಮ್ ಪುಡಿಯನ್ನು ನೀರಿನಲ್ಲಿ ತೆಳುವಾಗಿ ಕಲಸಿ ಎರಡು ಸಲ ಬಳಿದು ಎರಡು ದಿನ ಬಿಸಿಲಿನಲ್ಲಿ ಒಣಗಿಸಿದೆ. ಆ ಎರಡರಲ್ಲಿ ಒಂದಕ್ಕೆ ಲೋಹ ಇಳಿಯುವ ಬೆಂಡಿನ ಕಂಬವನ್ನು ಗೇಣುದ್ದ ಇಟ್ಟೆ, ಇನ್ನೊಂದಕ್ಕೆ ಬೇಕೆಂದೇ ಮೂರು ಬೆರಳಷ್ಟು ಮಾತ್ರ. ಮೂರಕ್ಕೂ ಒಂದೇ ದಿನ ಹೊಯ್ದೆ. ಏನೂ ಬಳಿಯದ ತುಂಡಿನಲ್ಲಿ ಬೆಂಡು ಮಾಯವಾದ ಗಳಿಗೆಗೂ ಲೋಹ ಬಂದ ಗಳಿಗೆಗೂ ನಡುವೆ ಮರಳು ಕುಸಿದು ಒಂದು ಮೂಲೆಯನ್ನೇ ನುಂಗಿತ್ತು, ಮೈಯೆಲ್ಲ ತರಿತರಿ. ಕಂಬ ಗಿಡ್ಡವಾದುದರಲ್ಲಿ ಮೈ ನಯವಾಗಿದ್ದರೂ ದೂರದ ಅಂಚುಗಳು ಸವೆದ ಸಾಬೂನಿನಂತೆ ದುಂಡಗಾಗಿದ್ದುವು. ಲೋಹವನ್ನು ಒತ್ತಿ ತಳ್ಳುವ ಭಾರ ಮೇಲಿರಲಿಲ್ಲ. ಕಂಬ ಉದ್ದವಾಗಿದ್ದುದು ಮಾತ್ರ ಮೂಲೆಮೂಲೆಯೂ ತುಂಬಿ, ಬೆಂಡಿನ ಒಂದೊಂದು ಕಾಳನ್ನೂ ಮೈಮೇಲೆ ಹೊತ್ತು ಬಂದಿತ್ತು. ಜಿಪ್ಸಮ್ಮಿನ ತೆಳು ಪೊರೆ ಎರಡು ಕೆಲಸ ಮಾಡುತ್ತದೆಂದು ಇದರಿಂದ ಸ್ಪಷ್ಟವಾಯಿತು: ಮರಳನ್ನು ತಡೆದು ನಿಲ್ಲಿಸುತ್ತದೆ, ಆವಿಯನ್ನು ತನ್ನ ಸಣ್ಣ ರಂಧ್ರಗಳಿಂದ ಹೊರಕ್ಕೆ ಬಿಡುತ್ತದೆ.

ಮೂರು ತುಂಡುಗಳನ್ನೂ ತಾತನ ಮುಂದಿಟ್ಟೆ. ಅವರು ಮೂರನ್ನೂ ಉಗುರಿನಿಂದ ತಟ್ಟಿ ಕೇಳಿದರು, ಸವರಿದರು. ಆಮೇಲೆ, “ಬೆಂಡಿನ ಚೂರು ಇನ್ನೂ ಅದಾ?” ಎಂದರು.

ಬೆಂಡಿಗೆ ಬಲ ಬೇಡ. ಬಿಸಿ ಬೇಡ, ಆರುವುದರೊಳಗೆ ಮುಗಿಸಬೇಕೆಂಬ ಅವಸರವೂ ಬೇಡ. ಹರಿತವಾದ ಚಾಕು, ಉಪ್ಪುಕಾಗದ, ತಾಳ್ಮೆ - ಇಷ್ಟೇ ಸಾಕು. ಗಂಟುಬಿದ್ದ ಬೆರಳು ಮೆಲ್ಲಗೆ ಸವರಿದರೂ ಅದು ಸವೆಯುತ್ತದೆ. ತಾತ ಮಾಡಹೊರಟದ್ದು ದೇವರ ವಿಗ್ರಹವನ್ನಲ್ಲ, ತಮ್ಮ ಊರುಗೋಲಿನ ಹಿಡಿಯನ್ನು. ಅಂಗಡಿಯ ಕೋಲುಗಳ ಹಿಡಿಗೆ ಅವರ ಬೆರಳು ಸುತ್ತಿಕೊಳ್ಳುತ್ತಿರಲಿಲ್ಲ. ಬಚ್ಚಲಿಗೆ ಹೋಗುವಾಗ ಎರಡು ಸಲ ಕೋಲು ಜಾರಿತ್ತು. ಬೆಂಡನ್ನು ತಮ್ಮ ಅಂಗೈಗೆ ಹಿಡಿದು ನೋಡುವುದು, ಎಲ್ಲಿ ಒತ್ತುತ್ತದೋ ಅಲ್ಲಿ ಸವೆಸುವುದು, ಮತ್ತೆ ಹಿಡಿಯುವುದು. ಹೀಗೆ ಆರು ದಿನ. ಹೆಬ್ಬೆರಳಿಗೊಂದು ತಗ್ಗು, ಬಗ್ಗದ ತೋರುಬೆರಳಿಗೆ ಚಾಚಿಕೊಳ್ಳಲು ಒಂದು ಮೆಟ್ಟು. ಆರುವಾಗ ಲೋಹ ಕುಗ್ಗುವುದಕ್ಕೆಂದು ಕೂದಲೆಳೆಯಷ್ಟು ದಪ್ಪ ಬಿಟ್ಟರು. ಅಲ್ಯೂಮಿನಿಯಮ್ ಉದ್ದದಲ್ಲಿ ನೂರಕ್ಕೆ ಒಂದೂಕಾಲರಷ್ಟು ಕುಗ್ಗುತ್ತದೆಂದು ನಾನು ಓದಿದ್ದೆ, ಅವರು ಓದಿರಲಿಲ್ಲ.

ಆಮೇಲೆ ತೂಕದ ಲೆಕ್ಕ. ಜೇನುಮೇಣದಿಂದ ಹಿತ್ತಾಳೆಗೆ ಹೆಚ್ಚುಕಡಮೆ ಒಂಬತ್ತು ಪಾಲು. ಅದು ತಾತನಿಗೆ ಬಾಯಿಪಾಠ. ಬೆಂಡಿನ ಲೆಕ್ಕ ನನ್ನದು: ನಮ್ಮಲ್ಲಿದ್ದ ಬೆಂಡು ಲೀಟರಿಗೆ 20 ಗ್ರಾಂ, ಅಲ್ಯೂಮಿನಿಯಮ್ ಲೀಟರಿಗೆ 2,700 ಗ್ರಾಂ, ಅಂದರೆ 135 ಪಾಲು. ಹಿಡಿಯೂ ಕಂಬವೂ ಸೇರಿ ಬೆಂಡು ತೂಗಿದ್ದು 4 ಗ್ರಾಂ. “ಆರು ದಿನದ ಕೆಲಸ ನಾಲ್ಕು ಗ್ರಾಮಾ!” ಎಂದು ತಾತ ನಕ್ಕರು. ಎಂಟು ವರ್ಷದಲ್ಲಿ ಆ ನಗೆಯನ್ನು ನಾನು ಕೇಳಿರಲಿಲ್ಲ. ಬೇಕಾದ ಲೋಹ 540 ಗ್ರಾಂ; ಕಡಮೆ ಬೀಳದಿರಲೆಂದು ಒಂದು ಕಿಲೋ ಕರಗಿಸುವುದೆಂದು ಗೊತ್ತುಮಾಡಿದೆವು.

ಆದರೆ ನನ್ನ ಎದೆಯಲ್ಲಿ ಅಳುಕಿತ್ತು. ಮರದ ಅಚ್ಚಾದರೆ ಎರಕ ಕೆಟ್ಟರೂ ಅಚ್ಚು ಉಳಿಯುತ್ತದೆ, ಇನ್ನೊಮ್ಮೆ ಹೊಯ್ಯಬಹುದು. ಬೆಂಡಿನದು ಹಾಗಲ್ಲ. ಎರಕ ನಿಂತರೂ ಅದು ಹೋಯಿತು, ಕೆಟ್ಟರೂ ಹೋಯಿತು. ಆರು ದಿನ ಆ ಬೆರಳುಗಳು ಪಟ್ಟ ನೋವನ್ನು ನಾನು ಪಕ್ಕದಲ್ಲಿ ಕುಳಿತು ಕಂಡಿದ್ದೆ. ಇನ್ನೊಂದು ಸಲ ಅವು ಅಷ್ಟು ದುಡಿದಾವೆಂಬ ಭರವಸೆ ಯಾರಿಗಿತ್ತು? “ತಾತ, ಪ್ಲಾಸ್ಟರಿನಲ್ಲಿ ಒಂದು ಪಡಿಯಚ್ಚು ತೆಗೆದಿಟ್ಟುಕೊಳ್ಳೋಣ” ಎಂದೆ. ಅವರು ಒಪ್ಪಲಿಲ್ಲ. “ಇನ್ನೊಂದು ಅದೆ ಅಂದ್ರೆ ಹೊಯ್ಯೋನ ಕೈ ಸಡ್ಲಾಯ್ತದೆ. ಬೇಡ ಮಗ” ಎಂದರು.

ಸಂಜೆಗತ್ತಲೆಯಲ್ಲಿ ಹೊಯ್ಯುವುದೆಂದು ಅವರೇ ಗೊತ್ತುಮಾಡಿದರು. ಬಿಸಿಲಿನಲ್ಲಿ ಅಲ್ಯೂಮಿನಿಯಮ್ಮಿನ ಬಣ್ಣ ಕಣ್ಣಿಗೆ ತಿಳಿಯುವುದಿಲ್ಲ. ಕಬ್ಬಿಣದ ಬಕೀಟಿನಲ್ಲಿ ಹಿಡಿಯನ್ನು ನಿಲ್ಲಿಸಿ, ಒಣ ಮರಳನ್ನು ಸುರಿಯುತ್ತ ಬಕೀಟಿನ ಮೈಯನ್ನು ತಟ್ಟುತ್ತ ತುಂಬಿದೆ. ತಾತ ಐದು ಗಜ ದೂರದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಲೋಹ ಕರಗಿತು, ಕಿಟ್ಟ ತೆಗೆದೆ. “ಇನ್ನೂ” ಎಂದರು. ಮೂಸೆಯೊಳಗೆ ಮಂಕಾದ ಕೆಂಪು ಮೂಡಿತು. “ಈಗ. ನಿಲ್ಲಿಸ್ಬ್ಯಾಡ.”

ಹೊಯ್ದೆ. ಬಕೀಟಿನ ಬಾಯಲ್ಲಿ ಹಳದಿಯ ಜ್ವಾಲೆ ಎದ್ದಿತು, ಕಪ್ಪು ಹೊಗೆ ಸುರುಳಿಯಾಗಿ ಆಚೆಯ ಹೊಲದ ಕಡೆಗೆ ಹೋಯಿತು. ಕೆಳಗೆ ಆರು ದಿನದ ಕೆಲಸ ಇಲ್ಲವಾಗುತ್ತಿತ್ತು, ಕಣ್ಣಿಗೆ ಕಾಣುವಂತಿರಲಿಲ್ಲ. ಲೋಹ ಇಳಿಯುತ್ತಿದೆಯೆಂಬುದಷ್ಟೇ ಗೊತ್ತು. ಧಾರೆ ಕಡಿಯದಂತೆ ಹೊಯ್ಯುತ್ತಲೇ ಇದ್ದೆ. ಕಂಬದ ಬಾಯಿ ತುಂಬಿ ಬೆಳ್ಳಗೆ ನಿಂತಿತು.

ಒಂದು ಗಂಟೆ ಯಾರೂ ಮಾತನಾಡಲಿಲ್ಲ. ಮರಳು ಬಗೆದು ಇಕ್ಕಳದಿಂದ ಎತ್ತಿ, ಪೂರ್ತಿ ಆರಿದ ಮೇಲೆ ಜಿಪ್ಸಮ್ಮಿನ ಪೊರೆಯನ್ನು ಉಜ್ಜಿ ತೆಗೆದೆ. ಹಿಡಿ ತುಂಬಿತ್ತು. ಹೆಬ್ಬೆರಳಿನ ತಗ್ಗು ಇತ್ತು, ತೋರುಬೆರಳಿನ ಮೆಟ್ಟು ಇತ್ತು. ಮೆಟ್ಟಿನ ಪಕ್ಕದಲ್ಲಿ, ಬೆಂಡಿನ ಮೇಲೆ ಗುರುತಿಗೆಂದು ತಾತ ಒತ್ತಿದ್ದ ಉಗುರಿನ ಗೀರು ಕೂಡ ಲೋಹವಾಗಿ ನಿಂತಿತ್ತು. ಲ್ಯಾಂದರಿನ ಬೆಳಕಿಗೆ ಹಿಡಿದು ಅವರು ಅದನ್ನೇ ಬಹಳ ಹೊತ್ತು ನೋಡಿದರು. ಮರುದಿನ ಕಂಬವನ್ನು ಗರಗಸದಿಂದ ಕೊಯ್ದು, ಕೋಲು ಕೂರಲು ತೂತು ಕೊರೆದು, ಅರದಿಂದ ಮೈ ತಿದ್ದಿದೆ. ಗೀರನ್ನು ಅರಕ್ಕೆ ಕೊಡಲಿಲ್ಲ.

ನಾವು ಚರಿತ್ರೆಯ ವಿದ್ಯಾರ್ಥಿಗಳು ಉಳಿದುದನ್ನು ನೋಡಿ ಅಳಿದುದನ್ನು ಊಹಿಸುವವರು. ವಸ್ತುಸಂಗ್ರಹಾಲಯದಲ್ಲಿ ಪ್ರತಿಮೆ ಕಂಡಾಗ ಶೈಲಿ, ಕಾಲ, ರಾಜವಂಶ ಎಂದು ಟಿಪ್ಪಣಿ ಬರೆಯುತ್ತೇವೆ. ಅದಕ್ಕೆ ಜಾಗ ಮಾಡಿಕೊಟ್ಟು ಹೋದ ಮೇಣವನ್ನಾಗಲಿ, ಆ ಮೇಣವನ್ನು ನಾದಿದ ಬೆರಳನ್ನಾಗಲಿ ನೆನೆಯುವುದು ವಿರಳ. ಈಗ ನಾನು ಲೋಹದ ವಿಗ್ರಹ ಕಂಡಾಗ ಹತ್ತಿರ ಹೋಗಿ ಉಗುರಿನ ಗುರುತು ಹುಡುಕುತ್ತೇನೆ.

ತಾತ ಹೊಸ ಹಿಡಿಯ ಕೋಲೂರಿ ಬಚ್ಚಲಿಗಷ್ಟೇ ಅಲ್ಲ, ಬೀದಿಯ ತುದಿಯವರೆಗೂ ಹೋಗಿಬರುತ್ತಾರೆ. ಕೇಳಿದವರಿಗೆಲ್ಲ ಹಿಡಿ ತೋರಿಸುತ್ತಾರೆ, ಕೇಳದವರಿಗೂ ತೋರಿಸುತ್ತಾರೆ. ಮುಂದಿನದು ಹಿತ್ತಾಳೆಯಲ್ಲಿ ಆಗಲೆಂಬುದು ಅವರ ಹಟ. ಹಿತ್ತಾಳೆ ಕರಗುವ ಶಾಖದಲ್ಲಿ ಅದರೊಳಗಿನ ಸತು ಕುದಿಯತೊಡಗಿ ಬಿಳಿ ಹೊಗೆಯಾಗುತ್ತದೆ, ಆ ಹೊಗೆ ಕುಡಿದವರಿಗೆ ಜ್ವರ ಬರುತ್ತದೆ ಎಂದು ನಾನು ಪುಸ್ತಕ ತೆರೆದು ತೋರಿಸಿದೆ. “ಐವತ್ತು ವರ್ಷ ಕುಡ್ದಿವ್ನಿ” ಎಂದರು. ವಾದ ಇನ್ನೂ ಮುಗಿದಿಲ್ಲ. ಅಷ್ಟರಲ್ಲಿ ಅವರು ನೆರೆಮನೆಯ ಹೊಸ ಟೆಲಿವಿಷನ್ನಿನ ಪೆಟ್ಟಿಗೆಯಿಂದ ನಾಲ್ಕು ಮೂಲೆಯ ಬೆಂಡುಗಳನ್ನೂ ಕೇಳಿ ತರಿಸಿ ಮಂಚದ ಕೆಳಗೆ ಇಟ್ಟುಕೊಂಡಿದ್ದಾರೆ.