ಹೊಗೆಯ ಕಲ್ಲಿನ ಕಮರಿಯಲ್ಲಿ ಹರಿಗೋಲು

ಹೊಸೂರಿನ ಮಕ್ಕಳನ್ನು ಕರೆದು, ನಿಮ್ಮ ಮನೆಯ ನಲ್ಲಿಯಲ್ಲಿ ಬರುವ ನೀರು ಯಾವ ನದಿಯದೆಂದು ಕೇಳಿದರೆ, ಊರ ಪಕ್ಕದಲ್ಲೇ ಹರಿಯುವ ದಕ್ಷಿಣ ಪಿನಾಕಿನಿಯ ಹೆಸರನ್ನು ಹೇಳುವವರೇ ಹೆಚ್ಚು. ಧರ್ಮಪುರಿ ಮತ್ತು ಕೃಷ್ಣಗಿರಿ ಜಿಲ್ಲೆಗಳ ಬಾವಿಗಳಲ್ಲಿ ಫ್ಲೋರೈಡ್ ಅಂಶ ಮಿತಿಮೀರಿ, ಜನರ ಹಲ್ಲು ಮೂಳೆಗಳು ಕೆಡುತ್ತಿದ್ದ ಕಾರಣ, ಹೊಗೇನಕಲ್ಲಿನಿಂದ ಕಾವೇರಿಯ ನೀರನ್ನು ಶುದ್ಧಗೊಳಿಸಿ ಕೊಳವೆಗಳಲ್ಲಿ ತರುವ ಯೋಜನೆ 2013ರಲ್ಲಿ ಕಾರ್ಯಾರಂಭ ಮಾಡಿತು. ಅಂದಿನಿಂದ ನಾವು ಕುಡಿಯುತ್ತಿರುವುದು ಕಾವೇರಿಯನ್ನು. ಕುಡಿಯುವ ನೀರಿನ ತವರನ್ನು ಒಮ್ಮೆಯಾದರೂ ಕಣ್ಣಾರೆ ನೋಡಿ ಬರಬೇಕೆಂಬ ಹಂಬಲ ನಮ್ಮ ಮನೆಯಾಕೆಗೆ ಬಹುಕಾಲದಿಂದ ಇತ್ತು. ಕಳೆದ ವರ್ಷ ಆಷಾಢದ ಆರಂಭದಲ್ಲಿ ಅದು ಕೈಗೂಡಿತು. ಆದರೆ ಪ್ರಯಾಣಕ್ಕೆ ನಿಜವಾದ ಕಾರಣನಾದವನು ನಮ್ಮ ತಂಗಿಯ ಮಗ.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಈ ತರುಣನಿಗೆ ಕಯಾಕ್ ನಡೆಸುವ ಹುಚ್ಚು. ಕಯಾಕ್ ಎಂದರೆ ಒಬ್ಬನೇ ಕುಳಿತು ಎರಡು ತುದಿಯ ಹುಟ್ಟಿನಿಂದ ನಡೆಸುವ ಕಿರುದೋಣಿ. ದಾಂಡೇಲಿಯ ಕಾಳಿಯಲ್ಲೂ ಕೊಡಗಿನ ಬರಪೊಳೆಯಲ್ಲೂ ನೊರೆನೀರಿನ ಮೇಲೆ ಆಡಿ ಬಂದವನು. ಅರ್ಕಾವತಿ ಕೂಡುವ ಸಂಗಮದ ಕೆಳಗೆ, ಮೇಕೆದಾಟಿನ ಇಡುಕು ದಾಟಿದ ಮೇಲೆ, ಕಾವೇರಿ ಕಾಡಿನ ನಡುವೆ ಹರಿದು ಹೊಗೇನಕಲ್ಲಿಗೆ ಬರುವ ಆ ದಾರಿಯನ್ನು ನೀರಿನ ಮೇಲೆಯೇ ಬರಬೇಕು, ಹೊಗೇನಕಲ್ಲಿನ ಕಮರಿಯಲ್ಲಿಯೂ ಇಳಿಯಬೇಕು ಎಂದು ಅವನ ಸಂಕಲ್ಪ. ನಕ್ಷೆಗಳನ್ನೆಲ್ಲ ಗೀಚಿಕೊಂಡು, ಕೆಂಪು ಬಣ್ಣದ ಕಯಾಕನ್ನು ಕಾರಿನ ನೆತ್ತಿಗೆ ಬಿಗಿದುಕೊಂಡು ನಮ್ಮ ಮನೆಯ ಮುಂದೆ ಬಂದು ನಿಂತಾಗ, ಬೀದಿಯ ಹುಡುಗರೆಲ್ಲ ಸುತ್ತ ನೆರೆದರು. "ಮೊದಲು ನದಿಯನ್ನು ನೋಡೋಣಪ್ಪಾ, ಆಮೇಲೆ ಇಳಿಯುವ ಮಾತು" ಎಂದು ನಾವು ಹೇಳಿದೆವು. "ನೋಡೋದಕ್ಕೇ ತಾನೆ ಮಾವ ಹೋಗೋದು" ಎಂದ. ಆದರೆ ಕಯಾಕನ್ನು ಮಾತ್ರ ಕೆಳಗಿಳಿಸಲಿಲ್ಲ.

ಹೊಸೂರಿನಿಂದ ಎರಡು ದಾರಿಗಳಿವೆ. ಕೃಷ್ಣಗಿರಿ, ಧರ್ಮಪುರಿ, ಪೆನ್ನಾಗರದ ಮೇಲೆ ಹೋಗುವುದು ಸುತ್ತು. ಬಸ್ಸುಗಳಿಗೆ ಅದು ಅನುಕೂಲ. ದೇನ್ಕನಿಕೋಟೆ, ಅಂಚೆಟ್ಟಿಯ ಮೇಲೆ ಹೋಗುವುದು ಹತ್ತಿರ, ಕಾಡಿನ ದಾರಿ. ನಾವು ಎರಡನೆಯದನ್ನು ಹಿಡಿದೆವು. ಅಂಚೆಟ್ಟಿಯಲ್ಲಿ ಚಹಾ ಕುಡಿಯಲು ನಿಂತಾಗ ಅಂಗಡಿಯವನು ತಮಿಳಿನಲ್ಲಿ ಲೆಕ್ಕ ಹೇಳಿ, ಕನ್ನಡದಲ್ಲಿ ತನ್ನ ಮಗನನ್ನು ಗದರಿದನು. ಗಡಿನಾಡಿನ ವಾಚಕರಿಗೆ ಇದು ಹೊಸದೇನಲ್ಲ. ಅಲ್ಲಿಂದ ಮುಂದೆ ನಾಟ್ರಾಂಪಾಳ್ಯ ಕಳೆದ ಮೇಲೆ ಕಾಡು ದಟ್ಟವಾಗುತ್ತದೆ. ರಸ್ತೆಯ ಮೇಲೆ ಬಿದ್ದಿದ್ದ ಆನೆಯ ಲದ್ದಿ ಇನ್ನೂ ಹಸಿಯಾಗಿತ್ತು. ನಮ್ಮ ಮನೆಯಾಕೆ ಕಾರಿನ ಗಾಜನ್ನು ಏರಿಸಿದರು. ಆನೆಯನ್ನು ತಡೆಯಲು ಆ ಗಾಜು ಸಾಕೆಂಬ ಧೈರ್ಯ ಅವರಿಗೆ.

ಈ ಸೀಮೆಯ ಹೆಸರುಗಳೆಲ್ಲ ಕನ್ನಡದ ಕಿವಿಗೆ ತಾವಾಗಿಯೇ ಅರ್ಥವಾಗುತ್ತವೆ. ಮೇಕೆ ದಾಟಿದ ಜಾಗ ಮೇಕೆದಾಟು, ಬಿಳಿಯ ಗುಂಡುಕಲ್ಲುಗಳಿರುವ ಊರು ಬಿಳಿಗುಂಡ್ಲು, ನೀರ ತುಂತುರು ಹೊಗೆಯಂತೆ ಏಳುವ ಕಲ್ಲು ಹೊಗೇನಕಲ್ಲು. ತಮಿಳಿನವರು ಪರಿಸಲ್ ಎನ್ನುವುದನ್ನು ನಾವು ಹರಿಗೋಲು ಎನ್ನುತ್ತೇವೆ. ಪಾಲು ಹಾಲಾದ, ಪೂ ಹೂವಾದ ಜಾಡಿನಲ್ಲಿ ನೋಡಿದರೆ ಇವೆರಡೂ ಒಂದೇ ಮನೆಯ ಮಾತುಗಳಂತೆ ತೋರುತ್ತವೆ. ನದಿಯ ನೀರಿಗಾಗಿ ಎರಡು ರಾಜ್ಯಗಳೂ ನ್ಯಾಯಾಲಯದ ಮೆಟ್ಟಿಲು ಹತ್ತಿದವು; ನೀರಿನ ಮೇಲೆ ತೇಲುವ ಬುಟ್ಟಿಯ ಹೆಸರಿಗೆ ಯಾರೂ ಜಗಳವಾಡಿದ್ದನ್ನು ನಾವು ಕೇಳಿಲ್ಲ.

ಬಿಳಿಗುಂಡ್ಲುವಿನ ಹೆಸರು ಪತ್ರಿಕೆಗಳಲ್ಲಿ ಆಗಾಗ ಬರುವುದು ಅಲ್ಲಿರುವ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರದಿಂದ. ಕರ್ನಾಟಕ ವರ್ಷಕ್ಕೆ 177.25 ಟಿ.ಎಂ.ಸಿ. ನೀರನ್ನು ಬಿಳಿಗುಂಡ್ಲುವಿನಲ್ಲಿ ಅಳೆದು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ರಾಜಕಾರಣಿಗಳಿಗೆ ಅದು ಹಂಚಿಕೆಯ ಅಂಕಿ. ಹೊಗೇನಕಲ್ಲಿನ ಅಂಬಿಗರಿಗೆ ಅದೇ ಕೇಂದ್ರದ ದಿನದ ಲೆಕ್ಕ ಅಂದಿನ ಅನ್ನದ ಪ್ರಶ್ನೆ. ಒಂದು ಕ್ಯೂಸೆಕ್ ಎಂದರೆ ಕ್ಷಣವೊಂದಕ್ಕೆ ಒಂದು ಘನ ಅಡಿ, ಸುಮಾರು 28 ಲೀಟರ್ ನೀರು. ಇಂಥ ಕೆಲವು ಸಾವಿರ ಕ್ಯೂಸೆಕ್ ಇದ್ದಾಗ ಹರಿಗೋಲು ಆಡುತ್ತದೆ. ಮೇಲೆ ಕಬಿನಿ, ಕೃಷ್ಣರಾಜಸಾಗರಗಳು ತುಂಬಿ ಬಾಗಿಲು ತೆರೆದಾಗ ಜಿಲ್ಲಾಡಳಿತ ಸ್ನಾನವನ್ನೂ ಹರಿಗೋಲನ್ನೂ ನಿಷೇಧಿಸುತ್ತದೆ. 2018ರ ಆಗಸ್ಟ್‌ನಲ್ಲಿಯೂ 2022ರ ಆಗಸ್ಟ್‌ನಲ್ಲಿಯೂ ಪ್ರವಾಹ ಎರಡು ಲಕ್ಷ ಕ್ಯೂಸೆಕ್‌ನ ಆಸುಪಾಸಿಗೆ ಏರಿತ್ತು. ಆಗ ಜಲಪಾತವೇ ಕಾಣದು. ಬಂಡೆಗಳೆಲ್ಲ ಮುಳುಗಿ, ಕೆಂಪು ನೀರಿನ ಒಂದೇ ಹಾಸು.

ನಾವು ಹೋದ ದಿನ ನದಿ ಶಾಂತವಾಗಿತ್ತು. ಶಾಂತವೆಂದರೆ ಹೊಗೇನಕಲ್ಲಿನ ಮಟ್ಟಿಗೆ. ಇಲ್ಲಿ ಕಾವೇರಿ ಹಲವು ಕವಲುಗಳಾಗಿ ಒಡೆದು, ಬಂಡೆಗಳ ತುದಿಯಿಂದ ಕಮರಿಗೆ ಬಿದ್ದು, ಮತ್ತೆ ಒಂದಾಗಿ, ಎರಡು ಕಲ್ಲಿನ ಗೋಡೆಗಳ ನಡುವೆ ಮೆಟ್ಟೂರಿನ ಕಡೆಗೆ ಹರಿಯುತ್ತದೆ. ಎಡದ ಗೋಡೆ ತಮಿಳುನಾಡು, ಬಲದ ಗೋಡೆ ಕರ್ನಾಟಕ. ಈ ಪ್ರದೇಶದ ಕಾರ್ಬೊನಟೈಟ್ ಶಿಲೆಗೆ ಸುಮಾರು 240 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಕಲ್ಲಿನ ಮೈಯನ್ನು ನೀರು ಎಷ್ಟು ನುಣುಪು ಮಾಡಿದೆಯೆಂದರೆ ಕೈಯೂರಲು ಹಿಡಿತ ಸಿಗದು.

ಹರಿಗೋಲಿನ ಬಗ್ಗೆ ಒಂದೆರಡು ಮಾತು. ಬಿದಿರಿನ ಸೀಳುಗಳನ್ನು ಹೆಣೆದು ಮಾಡಿದ ದುಂಡನೆಯ ತಳದ ಬುಟ್ಟಿ ಅದು. ಹಿಂದೆ ಹೊರಮೈಗೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ತುಂಗಭದ್ರೆಯಲ್ಲಿ ಬುಟ್ಟಿಯಂತಹ ದುಂಡು ದೋಣಿಗಳನ್ನು ಕಂಡು ಬರೆದಿದ್ದಾನೆ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಅಂಗೈಯಷ್ಟು ಆಳದ ನೀರಿನಲ್ಲೂ ತೇಲುತ್ತದೆ, ಕಲ್ಲಿಗೆ ತಗುಲಿದರೆ ಒಡೆಯದೆ ಬಳುಕಿ ಜಾರುತ್ತದೆ. ಅಂಬಿಗ ಒಂದೇ ಹುಟ್ಟಿನಿಂದ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ ಬುಟ್ಟಿಯನ್ನು ಮುಂದೆ ಸಾಗಿಸುತ್ತಾನೆ. ಆದರೆ ಯಾರಾದರೂ ಎದ್ದು ನಿಂತರೆ, ಅಥವಾ ಎಲ್ಲರೂ ಒಂದೇ ಬದಿಗೆ ವಾಲಿದರೆ, ಅದರ ಗುಣಗಳೆಲ್ಲ ಅಲ್ಲಿಗೆ ಮುಗಿದವು. 2015ರಲ್ಲಿ ಇಲ್ಲಿ ಹರಿಗೋಲು ಮಗುಚಿ ಒಂದೇ ಕುಟುಂಬದ ಹಲವರು ತೀರಿಕೊಂಡರು. ತೇಲು ಅಂಗಿ ತೊಡದವರನ್ನು ಈಗ ಹತ್ತಿಸುವುದಿಲ್ಲ. ನಮಗೆ ಕೊಟ್ಟ ಅಂಗಿಗಳ ಪಟ್ಟಿಗಳನ್ನು ಅಳಿಯನೇ ಒಂದೊಂದಾಗಿ ಎಳೆದು ನೋಡಿ, ಒಂದನ್ನು ಹಿಂದಿರುಗಿಸಿ ಬೇರೆಯದನ್ನು ತಂದ. ಆ ಕ್ಷಣದಲ್ಲಿ ಅವನ ಮೇಲೆ ನಮಗೆ ನಂಬಿಕೆ ಹುಟ್ಟಿತು.

ಅಂಬಿಗ ಅರುವತ್ತರ ಹತ್ತಿರದವನು, ಪಕ್ಕದ ಊಟಮಲೆಯವನು. ತಮಿಳಿಗೆ ಕನ್ನಡವನ್ನು ಬೆರೆಸಿ ಮಾತನಾಡುತ್ತಿದ್ದ. ಹತ್ತುವ ಮೊದಲು ಅಳಿಯ ಅವನನ್ನು ಬಂಡೆಯ ಮೇಲಕ್ಕೆ ಕರೆದೊಯ್ದು, ಕಮರಿಯನ್ನು ತೋರಿಸಿ, ಕಯಾಕ್ ಇಳಿಸಬಹುದಾದ ಜಾಗಗಳನ್ನು ಬೊಟ್ಟುಮಾಡುತ್ತ ಹೋದ. ಮುದುಕ ಎಲ್ಲವನ್ನೂ ಕೇಳಿ ಬೀಡಿ ಆರಿಸಿ, "ಇಳಿಯೋ ಜಾಗ ಎಲ್ಲಾ ಕಡೆ ಐತೆ ತಂಬಿ. ಏರೋ ಜಾಗ ಎಲ್ಲೈತೆ, ತೋರ್ಸು" ಎಂದ.

ಅಳಿಯ ಸುಮ್ಮನಾದ. ಗೋಡೆಗಳು ನೆಟ್ಟಗಿವೆ. ಕೆಳಗೆ ಮರಳ ದಿಬ್ಬ ಬರುವ ತನಕ ಕಾಲೂರಲು ನೆಲವಿಲ್ಲ. ನಡುವೆ ಏನಾದರೂ ಆದರೆ ಮೇಲಿಂದ ಹಗ್ಗ ಬಿಡುವವರು ಇರಬೇಕು. ಆ ಹಗ್ಗವೂ ಅಷ್ಟು ಉದ್ದ ಇರಬೇಕು.

ಆಮೇಲೆ ಅವರಿಬ್ಬರೂ ನಮ್ಮನ್ನು ಮರೆತು ನೀರಿನ ಓದಿಗೆ ತೊಡಗಿದರು. ಅದನ್ನು ಕೇಳುವುದೇ ಒಂದು ಪಾಠವಾಗಿತ್ತು. ಜಲಪಾತದ ಬುಡದಲ್ಲಿ ಬಿದ್ದ ನೀರು ತಳಕ್ಕೆ ಹೋಗಿ, ಮೇಲೆದ್ದು, ಮೇಲ್ಮೈಯಲ್ಲಿ ಹಿಂದಕ್ಕೇ, ಧುಮುಕುವ ಕಡೆಗೇ ಹರಿಯುತ್ತದೆ. ಅಲ್ಲಿ ಸಿಕ್ಕಿದ ಮರದ ತುಂಡು ಗಂಟೆಗಟ್ಟಲೆ ಅಲ್ಲೇ ಸುತ್ತುವುದನ್ನು ಅಳಿಯ ತೋರಿಸಿದ. ಮನುಷ್ಯನೂ ಹಾಗೆಯೇ ಸುತ್ತುತ್ತಾನೆ. ಬಂಡೆಗಳ ಸಂದಿನಲ್ಲಿ ನೀರು ಜರಡಿಯಲ್ಲಿ ಸೋಸಿದಂತೆ ನುಸುಳಿಹೋಗುತ್ತದೆ, ಮೈ ಮಾತ್ರ ಸಿಕ್ಕಿಕೊಳ್ಳುತ್ತದೆ. ನೊರೆಯೇಳದ ಆ ನುಣ್ಣನೆಯ ನೀರೇ ಹೆಚ್ಚು ಕೆಟ್ಟದ್ದೆಂದು ಇಬ್ಬರೂ ಒಪ್ಪಿದರು. ಒಳಗೆ ಕೊರೆದ ಗೋಡೆಯ ಬುಡಕ್ಕೆ ಸೆಳೆತವಿರುವ ಎರಡು ತಾವುಗಳನ್ನು ಮುದುಕ ತೋರಿಸಿದ. ಅಳಿಯನ ನಕ್ಷೆಯಲ್ಲಿ ಅವು ಇರಲಿಲ್ಲ. ಮೊಸಳೆಗಳ ಪ್ರಶ್ನೆಗೆ, "ಅದು ಮಡುವಿನಾಗಿರ್ತದೆ, ಓಡೋ ನೀರಾಗಲ್ಲ" ಎಂದಷ್ಟೇ ಉತ್ತರ.

ಹರಿಗೋಲು ಹತ್ತಿದೆವು. ನಾವು ಮೂವರು, ಅಂಬಿಗ ನಾಲ್ಕನೆಯವನು. ದೇಹವನ್ನು ತೂತುಬಿದ್ದ ಹರಿಗೋಲಿಗೆ ಹೋಲಿಸಿ ದಾಸರು ಹಾಡಿದ್ದು ಯಾಕೆಂದು, ಕಾಲ ಬಳಿ ಒಸರುತ್ತಿದ್ದ ನೀರನ್ನು ನೋಡಿದಾಗ ತಿಳಿಯಿತು. ಗೋಡೆಗಳ ನಡುವೆ ಹೊಕ್ಕೊಡನೆ ಬೆಳಕು ತಣ್ಣಗಾಯಿತು. ಎರಡೂ ಕಡೆಗಳಿಂದ ಸಣ್ಣ ಸಣ್ಣ ಧಾರೆಗಳು ಬೀಳುತ್ತಿದ್ದವು. ಮುದುಕ ನಮ್ಮನ್ನು ರಂಜಿಸಲು ಒಮ್ಮೆ ಹರಿಗೋಲನ್ನು ಬುಗುರಿಯಂತೆ ತಿರುಗಿಸಿದ. ನಮ್ಮ ಮನೆಯಾಕೆ ಕಣ್ಣು ಮುಚ್ಚಿ ಮಾದಪ್ಪನನ್ನು ನೆನೆದರು. ಮಾದಪ್ಪನ ಬೆಟ್ಟವೂ ಆ ಬಲಗಡೆಯ ಕಾಡಿನಾಚೆಗೇ ಇದೆ.

ದೊಡ್ಡ ಜಲಪಾತದ ಕಡೆಗೆ ಇನ್ನೂ ಸ್ವಲ್ಪ ದೂರವಿತ್ತು. ಮುದುಕ ಹುಟ್ಟನ್ನು ನಿಲ್ಲಿಸಿ ನೀರನ್ನೇ ನೋಡಿದ. ನಮಗೆ ಏನೂ ಕಾಣಲಿಲ್ಲ. ಅಳಿಯನೂ ಬಗ್ಗಿ ನೋಡಿದ. ನೊರೆಯ ನಡುವೆ ಒಣಗಿದ ಎಲೆ, ಕಡ್ಡಿ, ಹುಲ್ಲಿನ ಕಸ ಒಂದು ಸಾಲಾಗಿ ತೇಲಿ ಬರುತ್ತಿತ್ತು. "ದಡದ ಕಸ. ಮೇಲೆ ನೀರು ಏರಿ ದಡ ತೊಳೀತಾ ಐತೆ" ಎಂದು ಮುದುಕ ಹರಿಗೋಲನ್ನು ತಿರುಗಿಸಿದ. ಕೊಟ್ಟ ಹಣಕ್ಕೆ ಜಲಪಾತವನ್ನು ತೋರಿಸದೆ ಹಿಂದಿರುಗುವುದು ಅವನಿಗೂ ಸುಲಭವಾಗಿರಲಿಲ್ಲ. ಹಿಂದೆ ಬರುತ್ತಿದ್ದ ಹರಿಗೋಲಿನವರು ನಕ್ಕರು. ಅವನು ಅವರಿಗೂ ಕೂಗಿ ಹೇಳಿದ. ಒಬ್ಬ ತಿರುಗಿದ, ಇನ್ನೊಬ್ಬ ಗೊಣಗುತ್ತ ತಿರುಗಿದ.

ಅಣೆಕಟ್ಟಿನ ನೀರಾದರೆ ಮುನ್ಸೂಚನೆ ಕೊಟ್ಟು ಬರುತ್ತದೆ. ಆದರೆ ಸಂಗಮದಿಂದ ಈಚೆಗಿನ ಬೆಟ್ಟಗಳಲ್ಲಿ ರಾತ್ರಿ ಸುರಿದ ಮಳೆ, ಹಳ್ಳಗಳಿಂದ ನೇರವಾಗಿ ನದಿಗೆ ಬರುತ್ತದೆ. ಅದಕ್ಕೆ ಯಾರ ಸಹಿಯೂ ಬೇಕಿಲ್ಲ. ನಾವು ದಡ ಸೇರಿ ಮೆಟ್ಟಿಲು ಹತ್ತಿ, ಹುರಿದ ಮೀನಿನ ಅಂಗಡಿಗಳ ಮುಂದೆ ಕುಳಿತು ಉಸಿರು ತಿರುಗಿಸಿಕೊಳ್ಳುವಷ್ಟರಲ್ಲಿ, ಹತ್ತುವಾಗ ಅಳಿಯ ಚಪ್ಪಲಿ ಬಿಟ್ಟಿದ್ದ ಕಲ್ಲು ಮುಳುಗಿಹೋಯಿತು. ಚಪ್ಪಲಿಯೂ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಹರಿಗೋಲುಗಳನ್ನೆಲ್ಲ ದಡಕ್ಕೆ ಹೊತ್ತು ತಂದು ಆಮೆಗಳಂತೆ ಕವುಚಿ ಹಾಕಿದರು.

ಮುದುಕನಿಗೆ ಮಾತಾಡಿದ್ದಕ್ಕಿಂತ ಹೆಚ್ಚು ಕೊಡಹೋದೆವು. ಅವನು ಲೆಕ್ಕದಷ್ಟನ್ನೇ ಎಣಿಸಿಕೊಂಡು, ಉಳಿದುದನ್ನು ನಮ್ಮ ಮನೆಯಾಕೆಯ ಕೈಗೆ ಹಾಕಿದ. ನೀರು ಇಳಿಯುವವರೆಗೆ ಇನ್ನೆಷ್ಟು ದಿನ ದುಡಿಮೆಯಿಲ್ಲವೋ ಎಂದು ನಾವು ಕೇಳಿದಾಗ, "ಕಾವೇರಮ್ಮನ್ನ ಕೇಳ್ಬೇಕು" ಎಂದು ನಕ್ಕ.

ಕಯಾಕ್ ಒಣಮೈಯಲ್ಲೇ ಹೊಸೂರಿಗೆ ಹಿಂದಿರುಗಿತು. ಈಗಲೂ ನಮ್ಮ ಮನೆಯ ಅಟ್ಟದ ಮೇಲಿದೆ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಬರುವುದಾಗಿ ಅಳಿಯ ಹೇಳಿದ್ದಾನೆ. ಕಮರಿಯ ಮಾತನ್ನು ಬಿಟ್ಟಿದ್ದಾನೆ. ಮೇಲಿನ ಕಾಡುದಾರಿಯ ಹರಿವನ್ನಾದರೂ, ಆ ಮುದುಕ ಮುಂದೆ ಹರಿಗೋಲಿನಲ್ಲಿ ಹೋದರೆ, ಅವನ ಹಿಂದೆ ನಡೆಸುವುದಂತೆ. ಅಲ್ಲಿ ಎರಡು ದಡಗಳೂ ವನ್ಯಧಾಮ. ಬಲದಂಡೆಯ ಕಾವೇರಿ ವನ್ಯಧಾಮ 1987ರದು, ಎಡದಂಡೆಯದನ್ನು 2014ರಲ್ಲಿ ಘೋಷಿಸಿದರು. ಅನುಮತಿ ಇಲ್ಲದೆ ಇಳಿಯುವಂತಿಲ್ಲ. ಗಡಿ ನದಿಯ ನಡುವೆ ಇರುವುದರಿಂದ ಎರಡು ಅರ್ಜಿಗಳನ್ನು ಬರೆದಿಟ್ಟಿದ್ದೇವೆ, ಒಂದು ತಮಿಳಿನಲ್ಲಿ, ಒಂದು ಕನ್ನಡದಲ್ಲಿ. ಇವುಗಳಲ್ಲಿ ಯಾವುದಕ್ಕೆ ಮೊದಲು ಉತ್ತರ ಬರುವುದೋ ಎಂದು ನಮ್ಮ ಮನೆಯಾಕೆ ಪಂತ ಕಟ್ಟಿದ್ದಾರೆ.